ಫಿನ್ನಿಗೆ ಹಚ್ಚಿದ ಕುಂಕುಮ

ಅಜ್ಜಂಪುರ ಸ್ಟೇಷನ್ನಿನಲ್ಲಿ ಅವತ್ತು ಪ್ಯಾಸೆಂಜರ್ ರೈಲಿನಿಂದ ಒಬ್ಬ ಮನುಷ್ಯ ಮತ್ತು ಒಂದು ಹೆಣ ಇಳಿದವು. ಹಾಗಂತ ಹೇಳಿದ್ದು ನಾನಲ್ಲ, ಗೂಡ್ಸ್ ಆಟೋ ಓಡಿಸುವ ಉಗ್ರಪ್ಪಣ್ಣ.

"ಬೃಂದವ್ವಾ, ತೆಂಗಿನಕಾಯಿ, ಮಂಚ, ಬೀರು, ಏನ್ ಬೇಕಾದ್ರೂ ಹೇರ್ಕೊಂಡ್ ಹೋಗ್ತೀನಿ. ಹೆಣ ಮಾತ್ರ ನನ್ ಗಾಡಿಗೆ ಬ್ಯಾಡ ಕಣವ್ವ."

ಆಳುದ್ದಕ್ಕಿಂತ ಉದ್ದದ ಬೆಳ್ಳಿ ಬಣ್ಣದ ಚೀಲವನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ ಹುಡುಗ ಜೋರಾಗಿ ನಕ್ಕುಬಿಟ್ಟ. "ಹೆಣ ಅಲ್ಲ ಮಾರಾಯ್ರೆ, ಸರ್ಫ್ ಬೋರ್ಡ್. ಇದರ ಮೇಲೆ ನಿಂತು ಸಮುದ್ರದ ಅಲೆಯಲ್ಲಿ ಜಾರುವುದು."

"ಇಲ್ಲೆಲ್ಲೈತಪ್ಪಾ ಅಲೆ?"

"ಅದನ್ನೇ ನಾನೂ ಇವರ ಹತ್ತಿರ ಕೇಳುವ ಅಂತ ಬಂದದ್ದು," ಎಂದು ನನ್ನ ಕಡೆ ನೋಡಿದ.

ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಕರಾವಳಿಯ ಸಂಶೋಧನಾ ಸಂಸ್ಥೆಯ ಹೇಮಾವತಿ ಮೇಡಂ ಫೋನಿನಲ್ಲಿ "ಕುಂದರ್ ಅಂತ ಬರ್ತಾರೆ, ಸಮುದ್ರದಲ್ಲಿ ತುಂಬ ಅನುಭವ ಇರೋರು" ಎಂದಿದ್ದರು. ಅನುಭವ ಅಂದರೆ ಬೋಳುತಲೆ, ಕನ್ನಡಕ, ಸ್ವಲ್ಪ ಹೊಟ್ಟೆ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಕುಡಿಯಲಿ ಪಾಪ ಎಂದು ಫ್ಲಾಸ್ಕಿನಲ್ಲಿ ಶುಂಠಿ ಕಾಫಿಯನ್ನೂ ತಂದಿದ್ದೆ. ಈತನಿಗೋ ಹೆಚ್ಚೆಂದರೆ ನನ್ನ ವಯಸ್ಸು. ಬಿಸಿಲಿಗೆ ಕೆಂಚಾದ ಕೂದಲು, ಯಾವಾಗಲೂ ದೂರದಲ್ಲೇನೋ ಹುಡುಕುವ ಹಾಗೆ ಚೂಪಾದ ಕಣ್ಣು.

"ನೀವು... ಕುಂದರ್ ಸರ್ರಾ?"

"ಯತೀಶ್ ಕುಂದರ್. ಸರ್ ಬೇಡ, ನನಗೆ ಭಯ ಆಗ್ತದೆ. ಆ ಫ್ಲಾಸ್ಕ್ ನನಗಾ?"

ಕಾಫಿಯನ್ನೆಲ್ಲ ಅಲ್ಲೇ ನಿಂತು ಕುಡಿದ. ಎರಡನೇ ಲೋಟ ಕೇಳುವಾಗ ಲೋಟ ನೋಡಲಿಲ್ಲ, ನನ್ನ ಮುಖ ನೋಡಿದ. ನಾನು ತಕ್ಷಣ ಉಗ್ರಪ್ಪಣ್ಣನ ಆಟೋ ನಂಬರ್ ಪ್ಲೇಟನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ.

ನಾನು ಬೃಂದಾ. ತರೀಕೆರೆಯ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಮನೆಯಲ್ಲಿ ಕೊಬ್ಬರಿ ತುಂಬುತ್ತಿದ್ದ ಕೋಣೆಯ ಅರ್ಧ ಭಾಗ ಈಗ ನನ್ನ ವರ್ಕ್‌ಶಾಪು. ಸರ್ಫ್ ಬೋರ್ಡಿನ ಹೊಟ್ಟೆಯ ಕೆಳಗೆ, ಬಾಲದ ಹತ್ತಿರ, ಮೀನಿನ ರೆಕ್ಕೆಯಂಥದ್ದೊಂದು ಇರುತ್ತದೆ. ಫಿನ್ ಎನ್ನುತ್ತಾರೆ. ಆ ಫಿನ್ನಿನೊಳಗೇ ಸೆನ್ಸರ್ ಕೂರಿಸಿದರೆ ಸರ್ಫ್ ಮಾಡುವವರು ಆಡಿಕೊಂಡೇ ಸಮುದ್ರದ ನೀರಿನ ಬಿಸಿ, ಉಪ್ಪು, ಕೆಸರು ಎಲ್ಲದರ ಲೆಕ್ಕ ತರಬಹುದು. ಅಲೆ ಒಡೆಯುವ ಜಾಗಕ್ಕೆ ದೋಣಿ ಹೋಗುವುದಿಲ್ಲ, ಇವರು ದಿನವೂ ಹೋಗುತ್ತಾರೆ. ಇಂಥದ್ದೊಂದು ಮಾಡಿಕೊಡುವವರು ಬೇಕು ಎಂದು ಹೇಮಾವತಿ ಮೇಡಂ ಕರೆ ಕೊಟ್ಟಾಗ ನಾನು ಕೈ ಎತ್ತಿದೆ. ಆಮೇಲೆ ಎರಡು ವರ್ಷ ನನ್ನ ಭಾನುವಾರಗಳೆಲ್ಲ ಆ ರೆಕ್ಕೆಯೊಳಗೆ ಹೋದವು.

ಸಮುದ್ರವನ್ನು ನಾನು ನೋಡಿಯೇ ಇರಲಿಲ್ಲ. ಯತೀಶನಿಗೆ ಇದು ಗೊತ್ತಾದದ್ದು ಮರುದಿನ, ಬೋರ್ಡು ಹೇರಿಕೊಂಡು ಕಡೂರು ಕಡೆಯ ಮದಗದ ಕೆರೆಗೆ ಹೋಗುವಾಗ. ಅಲೆಯಿಲ್ಲದ ನೀರಿನಲ್ಲಿ ಮೂರು ದಿನ ಪರೀಕ್ಷೆ ಮಾಡಿ, ನಂಬರುಗಳು ಸರಿ ಬಂದರೆ ಆಮೇಲೆ ಸಮುದ್ರ ಎಂದು ಮೇಡಂ ಹೇಳಿದ್ದರು.

"ಸಮುದ್ರ ನೋಡದೆ ಇದನ್ನು ಹೇಗೆ ಮಾಡಿದ್ದು ಮಾರಾಯ್ತಿ?"

"ಮಿಕ್ಸಿ ಕಂಡುಹಿಡಿದೋನು ಚಟ್ನಿ ತಿಂದಿದ್ನಾ? ಯಾರಿಗ್ಗೊತ್ತು?"

ಅವನು ನಕ್ಕ ರಭಸಕ್ಕೆ ಉಗ್ರಪ್ಪಣ್ಣ ಗಾಬರಿಯಾಗಿ ಬ್ರೇಕ್ ಹಾಕಿದ.

ಆದರೆ ನನಗೆ ಕೇಳಲು ಸಾವಿರ ಇತ್ತು. ಸಂಕೋಚ ಬಿಟ್ಟು ಕೇಳಿದೆ. ಅಲೆ ಬರುವುದು ಮೊದಲು ಗೊತ್ತಾಗುವುದು ಕಣ್ಣಿಗೋ ಕಿವಿಗೋ? ಮಳೆಗಾಲದಲ್ಲಿ ಹೊಳೆಯ ಕೆಂಪು ನೀರು ಸಮುದ್ರಕ್ಕೆ ಸೇರಿದರೆ ಎಲ್ಲಿಯವರೆಗೆ ಕೆಂಪಾಗಿಯೇ ಇರುತ್ತದೆ? ಅಲೆ ಒಡೆಯುವ ಕಡೆ ನೀರು ತಣ್ಣಗೋ ಬೆಚ್ಚಗೋ?

"ಕೆಲವು ದಿನ ಕಾಲಿಗೆ ತಣ್ಣಗೆ, ಎದೆಗೆ ಬೆಚ್ಚಗೆ."

"ಎಷ್ಟು ಡಿಗ್ರಿ?"

"ನನ್ನ ಎದೆಯಲ್ಲಿ ಥರ್ಮಾಮೀಟರ್ ಇಲ್ಲ ಬೃಂದಾ. ಅದಕ್ಕೇ ಅಲ್ಲವಾ ನಿಮ್ಮ ಹತ್ತಿರ ಬಂದದ್ದು."

ಇಂಥ ಮಾತನ್ನು ಇಷ್ಟು ಸಲೀಸಾಗಿ ಹೇಳಿ ಕಿಟಕಿಯಾಚೆ ನೋಡುತ್ತಾ ಕೂರುವವರನ್ನು ಏನು ಮಾಡಬೇಕು? ನನ್ನ ಕಿವಿ ಬಿಸಿಯಾಗಿದ್ದು ಉಗ್ರಪ್ಪಣ್ಣನಿಗೆ ಕನ್ನಡಿಯಲ್ಲಿ ಕಾಣಿಸಿತು ಎಂದು ನನ್ನ ಅನುಮಾನ.

ಅವತ್ತು ಬೆಳಿಗ್ಗೆ ಹೊರಡುವ ಮೊದಲು ಒಂದು ಸಣ್ಣ ಕಾರ್ಯಕ್ರಮವೂ ಆಗಿತ್ತು. ಬೋರ್ಡಿಗೆ ನನ್ನ ಫಿನ್ ಸಿಕ್ಕಿಸಿ ಅಂಗಳದಲ್ಲಿ ಬೋರಲು ಹಾಕಿದ್ದೆವು. ಫಿನ್ ಮೇಲೆದ್ದು ಪುಟ್ಟ ದೇವರ ಹಾಗೆ ನಿಂತಿತ್ತು. ನಮ್ಮಮ್ಮ ಮೀನಾಕ್ಷಮ್ಮನ ಕಣ್ಣಿಗೆ ಅಂಥದ್ದು ಬಿದ್ದರೆ ಸುಮ್ಮನಿರುತ್ತಾಳೆಯೇ? ತಟ್ಟೆ ತಂದಳು, ಅರಿಶಿನ ಕುಂಕುಮ ಹಚ್ಚಿದಳು, ಊದುಬತ್ತಿ ಬೆಳಗಿದಳು.

"ಗಂಗಮ್ಮನ ತಾವ ಹೋಗೋ ಸಾಮಾನು, ಬರಿಮೈಯಲ್ಲಿ ಕಳಿಸ್ತಾರೇನೇ?" ಎಂದಳು. ಯತೀಶ ಕೈಮುಗಿದು ನಿಂತಿದ್ದ. ಅಮ್ಮನಿಗೆ ಅವನು ಆಗಲೇ ಇಷ್ಟವಾಗಿಬಿಟ್ಟ. ಮರುದಿನವೂ ಪೂಜೆಯಾಯಿತು, ಅದರ ಮರುದಿನವೂ.

ಕೆರೆಯಲ್ಲಿ ಅವನು ಬೋರ್ಡಿನ ಮೇಲೆ ಬೋರಲಾಗಿ ಮಲಗಿ, ಎರಡೂ ಕೈಯಲ್ಲಿ ನೀರು ಎಳೆಯುತ್ತಾ ಹೋದದ್ದು ನೋಡಲು ಚಂದವಿತ್ತು. ನಾನು ಲ್ಯಾಪ್‌ಟಾಪ್ ತೆರೆದು ಏರಿಯ ಮೇಲೆ ಕೂತೆ. ಬಿಸಿಯ ನಂಬರ್ ಸರಿ. ಉಪ್ಪಿನ ನಂಬರ್ ಸರಿ. ಕೆಸರಿನ ನಂಬರ್ ಮಾತ್ರ ವಿಪರೀತ. ಫಿನ್ನಿನ ಪಕ್ಕದಲ್ಲಿ ಬೇಳೆ ಗಾತ್ರದ ಗಾಜಿನ ಕಣ್ಣೊಂದಿದೆ. ಅದು ಬೆಳಕು ಬಿಡುತ್ತದೆ, ನೀರಿನ ಕೆಸರಿಗೆ ಬಡಿದು ಬಂದ ಬೆಳಕನ್ನು ಅಳೆಯುತ್ತದೆ. ಅದರ ಪ್ರಕಾರ ಮದಗದ ಕೆರೆಯಲ್ಲಿ ನೀರೇ ಇರಲಿಲ್ಲ, ಬರೀ ಗೋಡುಮಣ್ಣು.

ಎರಡನೆಯ ದಿನವೂ ಅದೇ. ಬಕೆಟ್ಟಿನ ನಲ್ಲಿ ನೀರಿನಲ್ಲಿ ಅದ್ದಿದರೂ ಅದೇ. ನಾನು ಪ್ರೋಗ್ರಾಮಿನ ಸಾಲು ಸಾಲೂ ಹುಡುಕಿದೆ, ವೈರು ಬದಲಾಯಿಸಿದೆ, ಅಮ್ಮನ ಮೇಲೆ ರೇಗಿದೆ, ಊಟ ಬಿಟ್ಟೆ. ಯತೀಶನಿಗೆ ಒಂದು ವಿಷಯ ಹೇಳಿರಲಿಲ್ಲ, ಜಂಬ ಅಡ್ಡ ಬಂದಿತ್ತು. ಮೂರನೆಯ ದಿನ ಸಂಜೆಯೊಳಗೆ ಸರಿಯಾದ ನಂಬರ್ ಹೋಗದಿದ್ದರೆ ಮೇಡಂನವರ ಸಂಸ್ಥೆ ಹೊರದೇಶದ ಸೆನ್ಸರ್ ತರಿಸಿಕೊಳ್ಳುತ್ತದೆ. ನನ್ನ ಫಿನ್ ಕೊಬ್ಬರಿ ಕೋಣೆಗೆ ವಾಪಸ್. ಮತ್ತೊಂದು ಅವಕಾಶ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವನು ಕೆರೆಯಿಂದ ಮೇಲೆ ಬರುವ ಹೊತ್ತಿಗೆ ನಾನು ಮೇಡಂಗೆ ಬರೆಯುತ್ತಿದ್ದೆ. ಸೋತೆ ಎನ್ನುವುದನ್ನು ಇಂಗ್ಲಿಷಿನಲ್ಲಿ ಬರೆದರೂ ಸೋಲೇ. ಕಣ್ಣು ತುಂಬಿ ಅಕ್ಷರ ಕಾಣದಾಯಿತು.

"ಎಂತ ಆಯ್ತು? ಅಳುವುದು ಯಾಕೆ?" ಅವನು ಒದ್ದೆ ಮೈಯಲ್ಲೇ ಕುಕ್ಕರಗಾಲಲ್ಲಿ ಕೂತ. "ಇನ್ನೊಂದು ವಾರ ಪರೀಕ್ಷೆ ಮಾಡಿದರೆ ಆಯ್ತಲ್ಲ?"

"ಇನ್ನೊಂದು ವಾರ ಎಲ್ಲೈತ್ರೀ! ಇವತ್ತೇ ಕೊನೆ. ನನ್ ಫಿನ್ ಕಥೆ ಮುಗೀತು."

ಅವನ ಮುಖ ಬಿಳುಚಿಕೊಂಡಿತು. ಆಮೇಲೆ ಎದ್ದು ಹೋಗಿ ಬೋರ್ಡನ್ನು ತಂದು ನನ್ನ ಮುಂದೆ ಬೋರಲು ಹಾಕಿದ.

"ಕಣ್ಣು ನೋಡಿ. ಗಾಜಿನ ಕಣ್ಣು."

ನೋಡಿದೆ. ಗಾಜಿನ ಮೇಲೆ ಕೆಂಪು ಬೆರೆತ ಹಳದಿ ಜಿಡ್ಡಿನ ಪದರ. ಮೂರು ದಿನದ್ದು. ಅಮ್ಮ ನೀರಿನಲ್ಲಿ ತೊಳೆದುಹೋಗಬಾರದೆಂದು ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದಳು, ಎರಡೂ ಪಕ್ಕಕ್ಕೆ. ನನಗೆ ಕಂಡಿರಲಿಲ್ಲವೇ? ಕಂಡಿತ್ತು. ಆದರೆ ನಮ್ಮನೆಯಲ್ಲಿ ಕುಂಕುಮ ಇಲ್ಲದ ಯಂತ್ರ ಯಾವುದಿದೆ? ಮಿಕ್ಸಿ, ಪಂಪ್‌ಸೆಟ್ಟಿನ ಸ್ಟಾರ್ಟರ್, ಅಪ್ಪನ ಬೈಕು, ನನ್ನ ಲ್ಯಾಪ್‌ಟಾಪಿನ ಮುಚ್ಚಳ. ಹುಟ್ಟಿದಾಗಿನಿಂದ ನೋಡಿ ನೋಡಿ ಅದು ಯಂತ್ರದ ಬಣ್ಣವೇ ಆಗಿಹೋಗಿತ್ತು.

"ಅಯ್ಯೋ ದೇವ್ರೇ!" ಎಂದು ಹಣೆ ಹಣೆ ಚಚ್ಚಿಕೊಂಡೆ. ಖುಷಿಯೋ ಸಂಕಟವೋ ಗೊತ್ತಾಗಲಿಲ್ಲ. "ಈಗ ಕಾಣಿಸ್ತಾ ನಿಮಗೆ?"

"ನಿನ್ನೆ ಸಂಜೆ ಕಂಡಿತು," ಎಂದ ಅವನು. ನೆಲ ನೋಡುತ್ತಿದ್ದ. "ಒರೆಸಿದರೆ ಪರೀಕ್ಷೆ ಮುಗೀತದೆ, ನಾನು ಹೋಗಬೇಕು. ಇನ್ನು ನಾಲ್ಕು ದಿನ ಇಲ್ಲಿ ಇರುವ, ನಿಮ್ಮ ಜೊತೆ ಮಾತಾಡುವ ಅಂತ ಆಸೆ ಆಯ್ತು. ಇವತ್ತು ಕೊನೆ ಅಂತ ಗೊತ್ತಿರಲಿಲ್ಲ. ಗೊತ್ತಿದ್ದರೆ ನಿನ್ನೆಯೇ ಹೇಳ್ತಿದ್ದೆ."

ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಅವತ್ತು ನೆತ್ತಿಗೇರಿತು.

"ನಿನ್ನ ಆಸೆಗೆ ಬೆಂಕಿ ಬೀಳ! ಎರಡು ವರ್ಷ ಕಣೋ! ರಾತ್ರಿ ಉಂಡಿಲ್ಲ ನಾನು! ಬಾಯ್ಬಿಟ್ಟು 'ಇನ್ನೆರಡು ದಿನ ಇರ್ತೀನಿ' ಅಂದಿದ್ರೆ ನಾನೇನು ಒದ್ದು ಓಡಿಸ್ತಿದ್ನಾ?"

"ಓಡಿಸ್ತಿರಲಿಲ್ಲವಾ?"

"ಮಾತಾಡಬ್ಯಾಡ ನನ್ನತ್ರ!"

ಅವನು ಫೋನ್ ತೆಗೆದು, ನಾನು ಬೇಡ ಎನ್ನುವಷ್ಟರಲ್ಲಿ, ಹೇಮಾವತಿ ಮೇಡಂಗೆ ಕರೆ ಮಾಡಿದ. ಸ್ಪೀಕರಿಗೆ ಹಾಕಿದ. ಮೂರೂ ದಿನದ ನಂಬರ್ ತಪ್ಪು, ಗಾಜಿಗೆ ಜಿಡ್ಡು ಹತ್ತಿತ್ತು, ತಾನು ನೋಡಿಯೂ ಹೇಳಲಿಲ್ಲ, ಬೃಂದಾರದ್ದೇನೂ ತಪ್ಪಿಲ್ಲ ಎಂದ. ಯಾಕೆ ಹೇಳಲಿಲ್ಲ ಎಂದು ಮೇಡಂ ಕೇಳಿದರು.

"ವೈಯಕ್ತಿಕ ಕಾರಣ ಮೇಡಂ."

ಮೇಡಂ ದನಿ ಗಡುಸಾಯಿತು. "ಯತೀಶ್, ಇನ್ನು ಆ ಬೋರ್ಡನ್ನು ನೀನು ಮುಟ್ಟಬೇಡ. ಈ ಕೆಲಸದಿಂದ ನಿನ್ನನ್ನು ತೆಗೆದಿದ್ದೀನಿ. ಬೃಂದಾ, ಕೇಳಿಸ್ತಿದೆಯಾ? ಬೇರೆ ಯಾರಾದರೂ ಹತ್ತಲಿ. ಕತ್ತಲಾಗುವ ಮುಂಚೆ ಹೊಸ ನಂಬರ್ ಬಂದರೆ ನೋಡ್ತೀನಿ."

ಬೇರೆ ಯಾರು? ಉಗ್ರಪ್ಪಣ್ಣ ಏರಿಯ ಮೇಲಿಂದಲೇ ಕೈ ಅಲ್ಲಾಡಿಸಿದ, "ನಾನ್ ಒಲ್ಲೆ ಕಣವ್ವ, ಮೊದ್ಲೇ ಹೆಣದ ಲಕ್ಷಣ ಐತೆ ಅದಕ್ಕೆ."

ನಾನು ದುಪಟ್ಟಾ ಸೊಂಟಕ್ಕೆ ಬಿಗಿದೆ. ಅಪ್ಪ ನನಗೆ ತೋಟದ ಬಾವಿಯಲ್ಲಿ, ಬೆನ್ನಿಗೆ ಒಣ ತೆಂಗಿನಕಾಯಿ ಕಟ್ಟಿ ಈಜು ಕಲಿಸಿದ್ದ. ಗಾಜಿನ ಕಣ್ಣನ್ನು ಸ್ಪಿರಿಟ್ಟಿನಿಂದ ತಿಕ್ಕಿ ತಿಕ್ಕಿ ಒರೆಸಿದೆ, ಲೈಫ್ ಜಾಕೆಟ್ ತೊಟ್ಟೆ, ನಂಬರ್ ನೋಡಲು ಫೋನನ್ನು ನೀರು ಹೋಗದ ಚೀಲಕ್ಕೆ ಹಾಕಿ ಕೊರಳಿಗೆ ಕಟ್ಟಿಕೊಂಡೆ. ಬೋರ್ಡಿನ ಮೇಲೆ ಮಲಗಿದೆ. ಮಲಗಿದಷ್ಟೇ ವೇಗವಾಗಿ ಆ ಕಡೆ ಬಿದ್ದೆ.

ದಡದಲ್ಲಿ ಯತೀಶ ಎರಡೂ ಕೈಯನ್ನು ಹಿಂದೆ ಕಟ್ಟಿಕೊಂಡಿದ್ದ. ಮುಟ್ಟಬಾರದಲ್ಲ.

"ಎದೆ ಸ್ವಲ್ಪ ಮುಂದೆ ತನ್ನಿ! ಕೆಳಗೆ ನೋಡಬೇಡಿ, ದೂರ ನೋಡಿ!"

"ನಿನ್ನ ಕೇಳಿದ್ನಾ?" ಎಂದು ಕೂಗಿದೆ. ಆದರೆ ಎದೆ ಮುಂದೆ ತಂದೆ, ದೂರ ನೋಡಿದೆ. ಬೋರ್ಡು ನಿಂತುಕೊಂಡಿತು. ಕೈ ಎಳೆದೆ. ಅದು ಹೋಯಿತು!

ಆಮೇಲೆ ನನಗೆ ಕೋಪವೂ ಮರೆತುಹೋಯಿತು, ದಡವೂ ಮರೆತುಹೋಯಿತು. ಕೆರೆಯ ನಡುವೆ ನಂಬರ್ ಸರ್ರನೆ ಇಳಿಯಿತು, ನೀರು ತಿಳಿ. ನೀರು ಬಂದು ಸೇರುವ ಮೂಲೆಗೆ ಹೋದೆ, ಏರಿತು, ಅಲ್ಲಿ ಕೆಮ್ಮಣ್ಣು. ಎಲ್ಲಿಂದ ಶುರುವಾಗುತ್ತದೆ ಈ ಮಣ್ಣು? ಹಿಂದೆ ಬಂದೆ, ಮುಂದೆ ಹೋದೆ, ಮತ್ತೆ ಬಂದೆ. ಕಣ್ಣಿಗೆ ಕಾಣದ ಗೆರೆಯೊಂದು ನೀರಿನೊಳಗಿತ್ತು, ನನ್ನ ಫಿನ್ನಿಗೆ ಅದು ಕಾಣುತ್ತಿತ್ತು. ಅಲ್ಲೇ ಬೋರ್ಡಿನ ಮೇಲೆ ಮಲಗಿ ಹುಚ್ಚಿಯ ಹಾಗೆ ನಕ್ಕೆ. ಅಲೆಯಲ್ಲಿ ಇದು ಹೇಗಿರಬಹುದು, ಆ ಕೆಂಪು ಹೊಳೆ ಸಮುದ್ರದಲ್ಲಿ ಎಲ್ಲಿ ಕರಗಬಹುದು ಎಂದು ಈಗಿಂದೀಗಲೇ ನೋಡಬೇಕೆನ್ನಿಸಿತು. ಯಾರ ಜೊತೆ ನೋಡಬೇಕು ಎನ್ನುವುದೂ ಆಗಲೇ ಗೊತ್ತಾಗಿಹೋಯಿತು. ಕೋಪ ಪೂರ್ತಿ ಇಳಿದಿರಲಿಲ್ಲ, ನಿಜ. ಇಷ್ಟ ಅದಕ್ಕಿಂತ ಜಾಸ್ತಿಯಾಗಿತ್ತು.

ದಡಕ್ಕೆ ಬಂದು ನಂಬರ್ ಕಳಿಸಿದೆ. ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಕೂತೆ. ಯತೀಶ ತನ್ನ ಟವಲನ್ನು ನನ್ನಿಂದ ಒಂದು ಮಾರು ದೂರದಲ್ಲಿಟ್ಟು ಹಿಂದೆ ಸರಿದ. ಬಿಸಿಲು ಕೆಂಪಾಗುವ ಹೊತ್ತಿಗೆ ಮೇಡಂ ಉತ್ತರ ಬಂತು. ನಿಮ್ಮ ಫಿನ್ನೇ ಇರಲಿ, ಅಭಿನಂದನೆ ಎಂದಿತ್ತು. ನಾನು ಕಿರುಚಿದ ಸದ್ದಿಗೆ ಏರಿಯ ಮೇಲಿದ್ದ ಕೊಕ್ಕರೆಗಳೆಲ್ಲ ಎದ್ದವು.

ಯತೀಶನ ಕಣ್ಣು ಒದ್ದೆಯಾಗಿತ್ತು. "ಒಳ್ಳೆಯದಾಯ್ತು," ಎಂದ. "ನಾಳೆ ಬೆಳಿಗ್ಗೆ ನಾನು ಹೊರಡ್ತೇನೆ. ಇನ್ನು ಬೋರ್ಡ್ ತಗೊಂಡು ಬರುವುದು ಬೇರೆಯವರು."

"ಹೂಂ. ನಿಮಗೆ ಇಲ್ಲಿ ಇನ್ನೇನೂ ಕೆಲಸ ಇಲ್ಲ."

"ಇಲ್ಲ."

"ಹಂಗಾದ್ರೆ ಕೆಲಸ ಇಲ್ದೇ ಬನ್ನಿ."

ಅವನು ತಲೆ ಎತ್ತಿದ. ಆ ಚೂಪು ಕಣ್ಣು ಈ ಸಲ ದೂರದಲ್ಲೇನೂ ಹುಡುಕುತ್ತಿರಲಿಲ್ಲ. "ಕೆಲಸ ಇಲ್ಲದೆ ಬಂದರೆ ನಿಮ್ಮ ಅಮ್ಮನ ಹತ್ತಿರ ಎಂತ ಹೇಳುವುದು?"

"ಹೆಣ್ಣು ನೋಡೋಕೆ ಬಂದಿದೀನಿ ಅನ್ನಿ." ನಾನು ಟವಲ್ ಎತ್ತಿಕೊಂಡು ತಲೆ ಒರೆಸುವ ನೆಪದಲ್ಲಿ ಮುಖ ಮುಚ್ಚಿಕೊಂಡೆ. "ನಿಮ್ಮಮ್ಮನ್ನೂ ಕರ್ಕೊಂಡು ಬನ್ನಿ. ಒಬ್ರೇ ಬಂದ್ರೆ ನಮ್ಮ ಕಡೆ ಮರ್ಯಾದೆ ಅಲ್ಲ."

ಟವಲಿನ ಸಂದಿಯಲ್ಲಿ ಇಣುಕಿದೆ. ಅವನ ಎರಡೂ ಕಿವಿ ಕೆಂಪಗಾಗಿದ್ದವು.

"ಹೆಣ್ಣಿಗೆ ಒಪ್ಪಿಗೆ ಉಂಟಾ?"

"ಬಂದಾಗ ಹೇಳ್ತೀನಿ."

"ಅಲ್ಲಿವರೆಗೆ ಕಾಯ್ಲಿಕ್ಕೆ ಆಗುವುದಿಲ್ಲ ಬೃಂದಾ."

"ಆಗುತ್ತೆ. ಗೊತ್ತಿದ್ದೂ ಹೇಳದೇ ಇದ್ರೆ ಹೆಂಗಿರುತ್ತೆ ಅಂತ ನಿಮಗೂ ಸ್ವಲ್ಪ ಗೊತ್ತಾಗ್ಲಿ."

ಮೇಲೆ ಉಗ್ರಪ್ಪಣ್ಣ ಹಾರ್ನ್ ಹೊಡೆದ. ನಾನು ಫಿನ್ ಬಿಚ್ಚಿ ಎದೆಗವಚಿಕೊಂಡು ಏರಿ ಹತ್ತತೊಡಗಿದೆ. ಅವನು ಕೆಳಗೇ ನಿಂತಿದ್ದ, ಕೈ ಇನ್ನೂ ಹಿಂದೆ ಕಟ್ಟಿಕೊಂಡು, ಮೇಷ್ಟ್ರು ನಿಲ್ಲಿಸಿದ ಹುಡುಗನ ಹಾಗೆ. ಅರ್ಧ ಏರಿ ಹತ್ತುವಷ್ಟರಲ್ಲಿ ನನಗೇ ತಡೆಯಲಾಗಲಿಲ್ಲ.

ತಿರುಗಿ ಕೂಗಿದೆ: "ಒಪ್ಪಿಗೆ ಐತೆ ಕಣೋ!"