ಬೇಗೂರು ಕೆರೆಯ ಹಾರೋ ಹಲಗೆ

ಸೋಮವಾರ ಬೆಳಗ್ಗೆ ಹತ್ತೂವರೆಗೆ ದೊಡ್ಡಮಲ್ಲಮ್ಮ ಠಾಣೆಯ ಮೆಟ್ಟಿಲು ಹತ್ತಿದಾಗ ಅವಳ ಮಗನ ಹೆಣ ಇನ್ನೂ ಚಾಮರಾಜನಗರದ ಶವಾಗಾರದಲ್ಲಿತ್ತು. ಕುರ್ಚಿ ಕೊಟ್ಟರೆ ಕೂರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ.

"ನನ್ ಮಗನ್ನ ಆ ಶಶಿಕುಮಾರ ಸಾಯಿಸ್ಬುಟ್ಟ ಕಣವ್ವ. ಬರ್ಕೊ."

ಇನ್‌ಸ್ಪೆಕ್ಟರ್ ನೀಲಾವತಿ ಬರೆದುಕೊಂಡಳು. ಸತ್ತವನು ಮಲ್ಲೇಶ್, ಬೇಗೂರಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿ ಮಾಡುತ್ತಿದ್ದವನು. ಗೆಳೆಯ ಶಶಿಕುಮಾರನ ಜೊತೆ ಸೇರಿ, ಹಳೇ ಸ್ಕೂಟರ್ ಬ್ಯಾಟರಿಗಳಿಂದ ಓಡುವ ಹೈಡ್ರೊಫಾಯಿಲ್ ಬೋರ್ಡ್ ಕಟ್ಟಿದ್ದ. ಊರಿನವರ ಬಾಯಲ್ಲಿ ಅದು 'ಹಾರೋ ಹಲಗೆ'. ಹಲಗೆಯ ಮೇಲೆ ನೀರು ಹೋಗದಂತೆ ಮುಚ್ಚಿದ ಬ್ಯಾಟರಿ ಪೆಟ್ಟಿಗೆ, ಅಡಿಗೆ ಕಂಬ, ಕಂಬದ ತುದಿಗೆ ಮೋಟರು, ರೆಕ್ಕೆ. ವೇಗ ಹಿಡಿದರೆ ಹಲಗೆ ನೀರು ಬಿಟ್ಟು ಮೇಲೇಳಬೇಕು. ವರ್ಷವಾದರೂ ಅದು ಎದ್ದಿರಲಿಲ್ಲ. ಕೆರೆ ಏರಿಯ ಮೇಲೆ ಕೂತವರಿಗೆ ಮಾತ್ರ ಪುಕ್ಕಟೆ ನಗು ಸಿಕ್ಕಿತು.

ಭಾನುವಾರ ಮಧ್ಯಾಹ್ನ ಕೆರೆಯ ನಡುವೆ ಮೋಟರು ನಿಂತಿತು, ಹಲಗೆಯಿಂದ ಹೊಗೆ ಬಂತು. ಗಾಬರಿಗೆ ಮಲ್ಲೇಶ್ ನೀರಿಗೆ ಹಾರಿದ. ಅವನಿಗೆ ಈಜು ಬರುತ್ತಿರಲಿಲ್ಲ. ಶಶಿಕುಮಾರ ಈಜಿಕೊಂಡು ಹೋಗುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ಶಾಂತಮಲ್ಲಪ್ಪ ಹೇಳಿಕೆ ಕೊಟ್ಟ: "ನೀರಿಗಿಳಿಯಕ್ಕೆ ಮುಂಚೆ ಇಬ್ರೂ ಜಗಳಾಡುದ್ರು. 'ಓಗು, ಸಾಯೋಗು' ಅಂದ ಶಶಿ. ನಾನೇ ಕೇಳಿಸ್ಕಂಡೆ."

ಅಷ್ಟು ಸಾಕಾಯಿತು. ಕೊಲೆ ಕಲಂನಡಿ ಎಫ್‌ಐಆರ್ ದಾಖಲಾಯಿತು, ಮಧ್ಯಾಹ್ನಕ್ಕೆ ಮುಂಚೆ ಶಶಿಕುಮಾರ ಠಾಣೆಯಲ್ಲಿದ್ದ.

"ಬ್ಯಾಟರಿ ಪೆಟ್ಟಿಗೆ ಮುಚ್ಚಿದ್ದು ಯಾರು?"

"ನಾನೇ ಮೇಡಂ, ಶನಿವಾರ. ರಬ್ಬರ್ ಕೂರಿಸಿ, ಸ್ಕ್ರೂ ಬಿಗಿದು, ತೊಟ್ಟೀಲಿ ಮುಳುಗ್ಸಿ ನೋಡುದ್ವಿ. ಒಂದು ಹನೀನೂ ಒಳಿಕ್ಕೋಗಿರ್ನಿಲ್ಲ."

"ಆಮೇಲೆ ಎಲ್ಲಿತ್ತು?"

"ಮಲ್ಲೇಶನ ಮನೇಲಿ."

"ಸಾಯಿ ಅಂದೆಯಾ?"

"ಅಂದೆ. ಲೈಫ್ ಜಾಕೆಟ್ ಹಾಕ್ಕಳಲಾ ಅಂದ್ರೆ ಕೇಳ್ನಿಲ್ಲ. ಸಿಟ್ಟಲ್ಲಿ ಅಂದ್ಬುಟ್ಟೆ."

ಹೇಳಿ ಮುಖ ಮುಚ್ಚಿಕೊಂಡ. ಹೊರಗೆ ಮಲ್ಲೇಶನ ನೆಂಟರು ಅವನನ್ನು ತಮ್ಮ ಕೈಗೆ ಕೊಡಿ ಎಂದು ಕೂಗುತ್ತಿದ್ದರು. ನಾಳೆ ಬೆಳಗ್ಗೆ ಕೋರ್ಟಿಗೆ ಹಾಜರುಪಡಿಸಿ ಎಂದು ಚಾಮರಾಜನಗರದಿಂದ ಮೇಲಧಿಕಾರಿಯ ಫೋನೂ ಬಂತು. ಇವನು ಕೊಲೆಗಾರನಲ್ಲದಿದ್ದರೆ ಅದನ್ನು ತೋರಿಸಲು ಇದ್ದದ್ದು ಇದೊಂದೇ ದಿನ.

ಎರಡು ಗಂಟೆಗೆ ಕೆರೆಯಿಂದ ಎಳೆದು ತಂದಿದ್ದ ಹಲಗೆಯ ಬ್ಯಾಟರಿ ಪೆಟ್ಟಿಗೆಯನ್ನು ಪಂಚರ ಸಮಕ್ಷಮ ತೆಗೆಸಿ ಪಂಚನಾಮೆ ಮಾಡಿಸಿದಳು. ಒಳಗೆ ಕೆಸರು ನೀರು, ಒಂದು ಬದಿ ಸುಟ್ಟ ಬ್ಯಾಟರಿ. ಮುಚ್ಚಳದ ರಬ್ಬರಿನ ಮೇಲೆ ಅಡ್ಡಲಾಗಿ ಒಂದು ದಾರ ಅಪ್ಪಚ್ಚಿಯಾಗಿ ಅಂಟಿಕೊಂಡಿತ್ತು. ಅದರ ತುದಿಯಲ್ಲಿ ನೆನೆದುಹೋದ ವಿಭೂತಿ ಪೊಟ್ಟಣ.

"ಮಾದಪ್ಪನ ಬೆಟ್ಟದ ದಾರ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್ ಶಿವರಾಮು. "ನನ್ ಕೈಲೂ ಅದೆ ನೋಡಿ."

ದಾರ ಸಿಕ್ಕಿಕೊಂಡ ಕಡೆ ರಬ್ಬರು ಸರಿಯಾಗಿ ಕೂತಿರಲಿಲ್ಲ. ನೀರು ನುಗ್ಗಿದ್ದು ಅಲ್ಲಿಂದಲೇ.

ದಾರ ತೋರಿಸಿದಾಗ ಶಶಿಕುಮಾರ ಬೆಚ್ಚಿಬಿದ್ದ. "ನಾನೇ ಇಟ್ಟಿದ್ದು. ಬರ್ಕೊಳಿ," ಎಂದ.

ಅಷ್ಟು ಹೊತ್ತು ತನ್ನದೇನೂ ತಪ್ಪಿಲ್ಲ ಎಂದವನು ಈಗ ತಾನಾಗಿ ಕೊರಳೊಡ್ಡುತ್ತಿದ್ದಾನೆಂದರೆ ಯಾರನ್ನೋ ಕಾಪಾಡುತ್ತಿದ್ದಾನೆ. ಯಾರನ್ನು ಎಂದು ನೀಲಾವತಿ ಕೇಳಲಿಲ್ಲ. ಜೀಪು ಹತ್ತಿ ಮಲ್ಲೇಶನ ಮನೆಗೆ ಹೋದಳು.

ಅವನ ಹೆಂಡತಿ ನಾಗರತ್ನ ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು.

"ಆ ಪೆಟ್ಟಿಗೆ ತೆಗೆದಿದ್ಯೇನಮ್ಮ?"

"ಊಂ. ಭಾನುವಾರ, ಅವ್ರು ಸ್ನಾನಕ್ಕೋದಾಗ. ಅತ್ತೆ ಬೆಟ್ಟದಿಂದ ತಂದಿದ್ರು, ದಾರ, ವಿಭೂತಿ. ಕೈಗೆ ಕಟ್ತೀನಿ ಅಂದ್ರೆ ನಕ್ಬುಟ್ರು. ಈಜು ಬರಲ್ಲ ಅವ್ರಿಗೆ. ಅದ್ಕೇ ಒಳಗಿಟ್ಟೆ. ಸ್ಕ್ರೂ ಎಲ್ಲಾ ಬಿಗಿಯಾಗೇ ಹಾಕ್ದೆ ಮೇಡಂ."

ನೀಲಾವತಿ ಪೆನ್ನು ಕೆಳಗಿಟ್ಟಳು.

"ಯಾಕೆ ಮೇಡಂ? ದಾರ ಎಲ್ಲಿತ್ತು?"

"ರಬ್ಬರ್ ಮೇಲೆ."

ನಾಗರತ್ನ ಅಡುಗೆಮನೆಯ ಕಡೆ ನೋಡಿದಳು. "ಕುಕ್ಕರ್ ರಬ್ಬರ್‌ಗೆ ಒಂದು ಅನ್ನದಗುಳು ಸಿಕ್ಕಾಕಂಡ್ರೂ ಆವಿ ಆಚಿಕ್ಕೆ ಬತ್ತದೆ," ಎಂದಳು ಮೆಲ್ಲಗೆ. ಮುಂದಿನದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅವಳು ಬಾಯಿಗೆ ಸೆರಗು ತುರುಕಿಕೊಂಡು ನೆಲಕ್ಕೆ ಕುಸಿದಳು.

ಬಾಗಿಲಲ್ಲಿ ನಿಂತಿದ್ದ ದೊಡ್ಡಮಲ್ಲಮ್ಮನಿಗೆ ಎಲ್ಲವೂ ಕೇಳಿಸಿತ್ತು. "ದಾರ ತಂದೋಳು ನಾನು ಕಣವ್ವ. ನನ್ನ ಇಡ್ಕಂಡೋಗು," ಎಂದು ನೀಲಾವತಿಯ ಕೈ ಹಿಡಿದಳು. ದಾರ ತಂದವರಿಗೆ ಕಾನೂನಿನಲ್ಲಿ ಕಲಂ ಇಲ್ಲ. ಆ ಕೈ ಬಿಡಿಸಿಕೊಳ್ಳುವುದು ನೀಲಾವತಿಗೆ ಕಷ್ಟವಾಯಿತು.

ಸಂಜೆ ಐದಕ್ಕೆ ಕೊಲೆ ಕಲಂ ತೆಗೆದು, ನಿರ್ಲಕ್ಷ್ಯದಿಂದಾದ ಸಾವು ಎಂದು ಬದಲಿಸಲು ಕೋರ್ಟಿಗೆ ವರದಿ ಬರೆದದ್ದಾಯಿತು. ಮಹಿಳಾ ಪೇದೆ ಶಿವರಂಜಿನಿಯ ಎದುರಿಗೆ ನಾಗರತ್ನಳ ಬಂಧನವಾಯಿತು. ಠಾಣೆಯಲ್ಲೇ ಜಾಮೀನು ಸಿಗುವ ಪ್ರಕರಣ. ಆದರೆ ಅವಳು ಜಾಮೀನು ಬೇಡವೆಂದಳು. ಬಿಡುಗಡೆಯಾದ ಶಶಿಕುಮಾರ ಹೊರಗೆ ಹೋಗಲಾರದೆ ಬಾಗಿಲ ಬಳಿಯೇ ನಿಂತಿದ್ದ.

"ಶಶೀ," ಎಂದಳು ನಾಗರತ್ನ. "ಹಲಗೆ ಎದ್ದಿತ್ತಾ?"

"ಎದ್ದಿತ್ತು ಅಕ್ಕ. ಮೊಣಕಾಲುದ್ದ ನೀರು ಬುಟ್ಟು ಎದ್ದಿತ್ತು. 'ನಾಗೂನ ಕರ್ಕಂಬಾರ್ಲಾ, ಅವ್ಳು ನೋಡ್ಬೇಕು' ಅಂತ ಕೂಗ್ದ."

ನಾಗರತ್ನ ಬಿಕ್ಕಿ ಬಿಕ್ಕಿ ಅತ್ತಳು, ನೀಲಾವತಿ ತಡೆಯಲಿಲ್ಲ. ಅವಳ ಅಳು ನಿಲ್ಲುವವರೆಗೂ ಕಾದು, ಹೇಳಿಕೆಯ ಕೊನೆಗೆ ಕೃತ್ಯಕ್ಕೆ ಕಾರಣ ಬರೆದಳು: ಗಂಡ ಮುಳುಗಿಬಿಡುತ್ತಾನೆಂಬ ಭಯ.