ಬಾಯಿ ಕೆಳಗಾದ ಕವರುಗಳು

ಮಂಗಳವಾರ ಸಂಜೆ ನಾಲ್ಕೂಮುಕ್ಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎರಡೂ ಅಂಗೈಗೆ ರಕ್ತ ಮೆತ್ತಿಕೊಂಡಿತ್ತು. ಇನ್‌ಸ್ಪೆಕ್ಟರ್ ಮೇಡಂ ತಾವೇ ಎದ್ದು ಹೋಗಿ ಆಕೆಯನ್ನು ಬೆಂಚಿನ ಮೇಲೆ ಕೂರಿಸಿದರು.

"ನನ್ನ ತಮ್ಮನ ತಲೆ ಒಡೆದುಬಿಟ್ಟ ಮೇಡಂ, ಆ ಬಡಗಿ."

"ತಮ್ಮ ಅಂದ್ರೆ?"

"ಹಲ್ಲಿನ ಡಾಕ್ಟ್ರು. ಮೂಲೆ ಮನೆ, ಮೇಲಿನ ಮಹಡಿ. ಆಂಬುಲೆನ್ಸಲ್ಲಿ ಹಾಕಿ ಕಳಿಸಿ ಬಂದೆ. ಕಣ್ಣೇ ಬಿಡ್ತಿಲ್ಲ."

"ಬಡಗಿ ಹೊಡೆದಿದ್ದನ್ನ ನೀವು ನೋಡಿದ್ರಾ?"

"ಓಡಿದ್ದನ್ನ ನೋಡ್ದೆ. ಮೆಟ್ಟಿಲ ಮೇಲಿಂದ ಹಾರ್ಕೊಂಡೇ ಹೋದ. ತಪ್ಪು ಮಾಡದೋನು ಯಾಕೆ ಓಡ್ತಾನೆ, ನೀವೇ ಹೇಳಿ."

ದೂರು ಬರೆದುಕೊಂಡು ಎಫ್‌ಐಆರ್ ದಾಖಲಾಯಿತು. ಆರು ಗಂಟೆಗೆ ಇನ್‌ಸ್ಪೆಕ್ಟರು ಇಬ್ಬರು ಪಂಚರನ್ನು ಕರೆದುಕೊಂಡು ಮೂಲೆ ಮನೆಯ ಮಹಡಿ ಹತ್ತಿದರು. ಜೊತೆಗೆ ಬೆರಳಚ್ಚಿನವನು, ಮತ್ತೆ ದಫೇದಾರರು. ದಫೇದಾರರ ಕೈ ಒಂದು ಕಡೆ ಸುಮ್ಮನಿರುವುದಲ್ಲ ಎಂಬುದು ಇಡೀ ಠಾಣೆಗೇ ಗೊತ್ತಿದ್ದ ಮಾತು.

ಕೋಣೆಯ ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಕಪಾಟು. ಕಪಾಟಿನ ತುಂಬ ಸಿನಿಮಾ ಡಿಸ್ಕುಗಳ ಡಬ್ಬಿಗಳು. ಪ್ಲಾಸ್ಟಿಕ್ಕಿನವು, ರಟ್ಟಿನವು, ತಗಡಿನವು, ಪ್ರತಿಯೊಂದಕ್ಕೂ ಮೇಲೊಂದು ಪಾರದರ್ಶಕ ಕವರು. ನಾಲ್ಕನೇ ಗೋಡೆಯ ಬಳಿ ಬಡಗಿ ಅರ್ಧ ಕೂರಿಸಿದ್ದ ಹೊಸ ಕಪಾಟು ನಿಂತಿತ್ತು. ಅದರ ಚೂಪು ಮೂಲೆಯಲ್ಲಿ ರಕ್ತ, ಕೆಳಗೆ ನೆಲದ ಮೇಲೂ ರಕ್ತ. ಬಾಗಿಲ ಹಿಂದೆ ಒಂದು ಗೋಣಿಚೀಲದಲ್ಲಿ ಹಳೆಯ ಖಾಲಿ ಡಬ್ಬಿಗಳಿದ್ದವು, ಬಿರುಕು ಬಿಟ್ಟವು, ಕೀಲು ಮುರಿದವು.

"ಈ ಚೀಲ ಏನು?" ಇನ್‌ಸ್ಪೆಕ್ಟರ್ ಕೇಳಿದರು.

"ಗುಜರಿಗೆ," ಅಂದರು ಬಾಗಿಲಲ್ಲಿ ನಿಂತಿದ್ದ ಡಾಕ್ಟರ ಅಕ್ಕ. "ಡಬ್ಬಿಗೆ ಒಂದು ಗೀರು ಬಿದ್ರೂ ಅವನಿಗೆ ನಿದ್ದೆ ಬರಲ್ಲ. ಒಳಗಿನ ಡಿಸ್ಕು, ಮೇಲಿನ ಚಿತ್ರ ತೆಗೆದು ಹೊಸ ಡಬ್ಬಿಗೆ ಹಾಕಿ ಹಳೇದನ್ನ ಬಿಸಾಕೋದು. ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಇದೇ ಸಂಸಾರ. ಆ ಕವರು ನೋಡಿ, ಹಳೇವನ್ನ ಬದಲಾಯಿಸಿ ಹೋದ ವಾರ ತರಿಸಿದ್ದು. ಒಂದೊಂದನ್ನೂ ಅವನೇ ಹಾಕ್ದ. ನನ್ನನ್ನೂ ಮುಟ್ಟೋಕೆ ಬಿಡ್ಲಿಲ್ಲ."

ಅಷ್ಟರಲ್ಲಿ ಬೆರಳಚ್ಚಿನವನು ಕೆಲಸ ಮುಗಿಸಿದ ಸಾಲಿಗೆ ದಫೇದಾರರು ಕೈ ಹಾಕಿಯಾಗಿತ್ತು. ಒಂದು ಡಬ್ಬಿಯ ನೆತ್ತಿ ಹಿಡಿದೆಳೆದರೆ ಕವರಿನ ಮೇಲ್ಬಾಯಿಂದ ಡಬ್ಬಿ ಸಲೀಸಾಗಿ ಬಂತು. ಪಕ್ಕದ್ದನ್ನು ಎಳೆದರೆ ಬರಲಿಲ್ಲ.

"ಇದಕ್ಕೆ ಬಾಯೇ ಇಲ್ವಲ್ಲ ಮೇಡಂ."

"ಕೈ ತೆಗೀರಿ ದಫೇದಾರ್ರೇ."

"ಓಹೋ, ಇದರ ಬಾಯಿ ಕೆಳಗಿದೆ. ತಲೆಕೆಳಗು ಮಾಡಿ ಹಾಕಿದಾರೆ."

ಇನ್‌ಸ್ಪೆಕ್ಟರು ಬಗ್ಗಿ ನೋಡಿದರು. ಇಡೀ ಕೋಣೆಯ ಕವರುಗಳಿಗೆಲ್ಲ ಬಾಯಿ ಮೇಲೆ. ರಕ್ತ ಬಿದ್ದಿದ್ದ ಜಾಗದ ಎದುರಿಗೆ ಒಟ್ಟೊಟ್ಟಿಗಿದ್ದ ಐದಕ್ಕೆ ಮಾತ್ರ ಬಾಯಿ ಕೆಳಗೆ. ಗೀರು ಬಿದ್ದರೆ ನಿದ್ದೆಗೆಡುವ ಮನುಷ್ಯ ಐದನ್ನು ಹೀಗೆ ಹಾಕಿ ಸುಮ್ಮನಿರುತ್ತಾನೆಯೇ? ಆಕೆಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಪಂಚನಾಮೆಯಲ್ಲಿ ಬರೆಸಿಬಿಡುವುದು ಆಕೆಯ ಅಭ್ಯಾಸ. ಬರೆಸಿ, ಐದನ್ನೂ ಜಪ್ತಿ ಮಾಡಿದರು.

ಬಡಗಿ ರಾತ್ರಿಯಾಗುವ ಮುಂಚೆಯೇ ಬಸ್‌ನಿಲ್ದಾಣದಲ್ಲಿ ಸಿಕ್ಕಿದ. ಅಂಗಿಯ ತೋಳಿಗೆ ರಕ್ತವಿತ್ತು.

"ಯಾಕೆ ಓಡ್ದೆ?"

"ಊಟ ಮುಗಿಸ್ಕೊಂಡು ಬಂದೆ ಮೇಡಂ. ಡಾಕ್ಟ್ರು ಬಿದ್ದಿದ್ರು. ಎತ್ತೋಕೆ ಹೋದೆ, ಕೈಗೆ ರಕ್ತ ಆಯ್ತು. ಕೆಳಗೆ ಅವರ ಅಕ್ಕ ಬಾಗ್ಲು ತೆಗೆದ ಸದ್ದಾಯ್ತು. ನಾನು ಕೂರಿಸಿದ ಕಪಾಟು, ನನ್ನ ಸುತ್ತಿಗೆ, ನನ್ನ ಕೈಲಿ ರಕ್ತ. ಯಾರು ನಂಬ್ತಾರೆ?"

"ನಿಂತಿದ್ರೆ ನಂಬ್ತಿದ್ದೆವೋ ಏನೋ. ಈಗ ಕಷ್ಟ."

ಅವನು ತಲೆ ತಗ್ಗಿಸಿದ. ಮೂವತ್ತು ದಾಟದ ಹುಡುಗ. ಸುಳ್ಳು ಹೇಳುವವರೂ ಹೀಗೇ ತಲೆ ತಗ್ಗಿಸುತ್ತಾರೆ ಎಂಬುದು ಇನ್‌ಸ್ಪೆಕ್ಟರಿಗೆ ಗೊತ್ತಿತ್ತು.

ಹೊರಗೆ ಬೆಂಚಿನ ಮೇಲೆ ಅವನ ಮಾವ ಬಂದು ಕುಳಿತರು. ಮುದುಕ ಕುಳಿತವರು ಏಳಲೇ ಇಲ್ಲ.

"ಮದ್ವೆಯಾದಾಗಿಂದ ಅವನನ್ನ ಬೈಕೊಂಡೇ ಬಂದಿದೀನಿ ತಾಯಿ," ಅಂದರು. "ಸೋಮಾರಿ, ಪುಕ್ಕಲ, ಎಲ್ಲಾ ಒಪ್ತೀನಿ. ಆದ್ರೆ ಕೈ ಎತ್ತೋ ಜಾತಿ ಅಲ್ಲ. ಮಗಳಿಗೆ ಏಳು ತಿಂಗಳು. ನಿಮ್ಮಪ್ಪ ಜೈಲಲ್ಲಿದ್ದಾಗ ನೀನು ಹುಟ್ಟಿದ್ದು ಅಂತ ಆ ಕೂಸಿಗೆ ನಾನು ಹೆಂಗೆ ಹೇಳ್ಲಿ?"

ಬುಧವಾರ ಬೆಳಿಗ್ಗೆ ಡಿವೈಎಸ್‌ಪಿ ಸಾಹೇಬರ ಫೋನು ಬಂತು. "ಇನ್ನೂ ಮೀನಮೇಷ ಎಣಿಸ್ತಾ ಕೂತಿದೀರಾ? ಡಾಕ್ಟರು ಸತ್ರೆ ಕೊಲೆ ಕೇಸು. ಸಂಜೆಯೊಳಗೆ ಅವನನ್ನ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಸಿ, ಕೈ ತೊಳ್ಕೊಳ್ಳಿ."

"ಸಂಜೆವರೆಗೆ ಸಮಯ ಇದೆಯಲ್ಲ ಸರ್," ಎಂದು ಇನ್‌ಸ್ಪೆಕ್ಟರು ಫೋನಿಟ್ಟರು.

ಕೋಣೆಯಿಂದ ಏನಾದರೂ ಕಳುವಾಗಿದೆಯೇ ಎಂದು ಹೇಳಬಲ್ಲವರು ಒಬ್ಬರೇ ಎಂದಿದ್ದರು ಅಕ್ಕ: ಕನ್ನಡಕದಂಗಡಿಯವರು, ತಮ್ಮನ ಹಳೆಯ ಗೆಳೆಯ, ಅವನಷ್ಟೇ ಡಿಸ್ಕಿನ ಹುಚ್ಚಿರುವವರು. ಹತ್ತು ಗಂಟೆಗೆ ಅವರೇ ಮೂಲೆ ಮನೆಗೆ ಬಂದರು. ಅರವತ್ತು ದಾಟಿದ ತೆಳ್ಳಗಿನ ಮನುಷ್ಯ, ರಾತ್ರಿಯೆಲ್ಲ ಆಸ್ಪತ್ರೆಯ ಪಡಸಾಲೆಯಲ್ಲಿ ಕೂತಿದ್ದರಂತೆ, ಕಣ್ಣು ಕೆಂಪಾಗಿದ್ದವು. ಮನೆಗೆ ಬಂದುಹೋಗುವವರೆಲ್ಲರ ಬೆರಳಚ್ಚು ಬೇಕು ಎಂದಾಗ ಮರುಮಾತಿಲ್ಲದೆ ಕೊಟ್ಟರು.

"ಇಲ್ಲಿಗೆ ಕೊನೆಗೆ ಬಂದಿದ್ದು ಯಾವಾಗ?"

"ಎರಡು ತಿಂಗಳಾಯ್ತು."

ಅವರು ಕಪಾಟಿನ ಮುಂದೆ ನಡೆಯುತ್ತ ನೋಡಿದರು. ಏನೂ ಹೋಗಿಲ್ಲ ಅಂದರು. ಕೇಳದಿದ್ದರೂ ವಿವರಿಸತೊಡಗಿದರು. ಆ ವಿಷಯ ಬಂದರೆ ಅವರ ದುಃಖವೂ ಸ್ವಲ್ಪ ಸರಿದು ಕೂರುತ್ತಿತ್ತು.

"ಒಬ್ಬೊಬ್ಬರದು ಒಂದೊಂದು ಹಟ ಮೇಡಂ. ರಟ್ಟಿಂದು ಚೆಂದ, ಆದ್ರೆ ಅಂಚು ಸವೆಯುತ್ತೆ. ತಗಡು ಜಂಬ, ಸಣ್ಣಗೆ ತಗುಲಿದ್ರೂ ನೆಗ್ಗುತ್ತೆ. ನಂಗೆ ದಪ್ಪ ಪ್ಲಾಸ್ಟಿಕ್ಕೇ ಇಷ್ಟ. ಹಿಂಗೆ ನಡುವಿನ ಗುಂಡಿ ಒತ್ತಿದ್ರೆ ಡಿಸ್ಕು ತಾನಾಗೇ ಕೈಗೆ ಬರುತ್ತೆ."

ಒಂದು ಡಬ್ಬಿಯನ್ನು ಕವರಿನಿಂದ ತೆಗೆದು, ತೆರೆದು ತೋರಿಸಿ, ಮುಚ್ಚಿದರು. ಮಾತಾಡುತ್ತಲೇ ಕವರಿಗೆ ಮರಳಿ ಹಾಕಿ ಕಪಾಟಿನಲ್ಲಿಟ್ಟರು.

ಇನ್‌ಸ್ಪೆಕ್ಟರ ಕಣ್ಣು ಅದರ ಮೇಲೇ ನಿಂತಿತು. ಕವರಿನ ಬಾಯಿ ಕೆಳಗಿತ್ತು.

"ಬಾಯಿ ಕೆಳಗೆ ಯಾಕೆ?" ದನಿ ಆದಷ್ಟು ಸಾದಾ ಇರುವಂತೆ ಕೇಳಿದರು.

"ಧೂಳು ಬೀಳಲ್ವಲ್ಲ. ಹಳೇ ಕವರಿದ್ದಾಗಿಂದ ಅವನಿಗೆ ಎಷ್ಟು ಸಲ ಹೇಳಿದೀನಿ, ಕೇಳಲ್ಲ. ಎಳೆಯೋಕೆ ಸುಲಭ ಅಂತ ಬಾಯಿ ಮೇಲೇ ಇಡ್ತಾನೆ."

"ಈ ಕವರುಗಳನ್ನ ಮೊದಲೇ ನೋಡಿದ್ರಾ?"

"ಇಲ್ಲ, ಇವತ್ತೇ ನೋಡ್ತಿರೋದು."

ಅವರು ಹೊರಟುಹೋದ ಮೇಲೆ ಇನ್‌ಸ್ಪೆಕ್ಟರು ಬೆರಳಚ್ಚಿನವನಿಗೆ ಫೋನು ಮಾಡಿದರು. ಆ ಐದು ಕವರು, ಈ ಹತ್ತು ಬೆರಳು, ಬೇರೆ ಎಲ್ಲ ಬದಿಗಿಡು ಎಂದರು. ದಫೇದಾರರನ್ನು ಕನ್ನಡಕದಂಗಡಿಯ ಬೀದಿಗೆ ಅಟ್ಟಿದರು. ಪಕ್ಕದ ದರ್ಜಿ ಹೇಳಿದ್ದಿಷ್ಟು: ನಿನ್ನೆ ಮಧ್ಯಾಹ್ನವೆಲ್ಲ ಆ ಅಂಗಡಿ ಬೀಗ ಹಾಕಿತ್ತು, ಸಂಜೆ ಬಂದವರು ಒಂದು ಮಾತೂ ಆಡದೆ ಒಳಗೆ ಹೋದರು.

ಮೂರು ಗಂಟೆಯಾಯಿತು. ನಾಲ್ಕಾಯಿತು. ಬಡಗಿಯನ್ನು ಕೋರ್ಟಿಗೆ ಒಯ್ಯುವ ಜೀಪು ಅಂಗಳದಲ್ಲಿ ನಿಂತಿತ್ತು. ಮುದುಕ ಮಾವ ಜೀಪನ್ನೇ ದಿಟ್ಟಿಸುತ್ತಿದ್ದರು. ಇನ್‌ಸ್ಪೆಕ್ಟರಿಗೆ ಅವರ ಕಡೆ ನೋಡುವ ಧೈರ್ಯವಾಗಲಿಲ್ಲ. ನಾಲ್ಕೂಕಾಲಿಗೆ ಫೋನು ಹೊಡೆದುಕೊಂಡಿತು.

"ಐದರ ಮೇಲೂ ಅವರದೇ ಮೇಡಂ. ಒಂದು ಅಚ್ಚು ರಕ್ತದಲ್ಲೇ ಬಿದ್ದಿದೆ."

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ," ಅಂದರು ದಫೇದಾರರು.

ಕನ್ನಡಕದಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅವರು ಮೇಜಿನ ಹಿಂದೆ ಕೂತು ಒಂದೇ ಗಾಜನ್ನು ಒರೆಸುತ್ತಿದ್ದರು.

"ಡಬ್ಬಿಗಳು ನೆಲಕ್ಕೆ ಬಿದ್ದಿದ್ವು, ಅಲ್ವಾ?" ಇನ್‌ಸ್ಪೆಕ್ಟರ್ ನಿಂತೇ ಕೇಳಿದರು. "ಕವರೆಲ್ಲ ಕಳಚಿಕೊಂಡು."

ಗಾಜು ಒರೆಸುವ ಕೈ ನಿಂತಿತು.

"ಸ್ನೇಹಿತ ರಕ್ತದಲ್ಲಿ ಬಿದ್ದಿದಾನೆ. ನೀವು ಡಬ್ಬಿ ಎತ್ತಿ, ಕವರು ಹಾಕಿ, ಸಾಲಾಗಿ ಜೋಡಿಸಿಟ್ರಿ."

"ಕೆಳಗೆ ಬಿದ್ದಿದ್ರೆ ತುಳಿದುಬಿಡ್ತಾರಲ್ಲ," ಅಂದರು ಅವರು. ಅಂದ ಮೇಲೆಯೇ ಏನು ಅಂದೆನೆಂದು ತಿಳಿದಂತೆ ಕಣ್ಣು ಮುಚ್ಚಿದರು. "ಸತ್ತೇಹೋದ ಅಂದ್ಕೊಂಡೆ ಮೇಡಂ. ಏನು ಮಾಡ್ಬೇಕು ತೋಚಲಿಲ್ಲ. ಕೈ ತಾನೇ ಕೆಲಸ ಮಾಡ್ತು."

"ಅಲ್ಲಿಂದ ಏನಾದ್ರೂ ತಗೊಂಡು ಬಂದ್ರಾ?"

ಅವರು ಡ್ರಾಯರಿನ ಬೀಗ ತೆಗೆದು, ಕನ್ನಡಕ ಒರೆಸುವ ಹಳದಿ ಬಟ್ಟೆಯಲ್ಲಿ ಸುತ್ತಿದ್ದನ್ನು ಮೇಜಿನ ಮೇಲಿಟ್ಟರು. ಒಂದು ಹಳೆಯ ಪ್ಲಾಸ್ಟಿಕ್ ಡಬ್ಬಿ, ಖಾಲಿ. ಕೆಳಗಿನ ಮೂಲೆ ಜಜ್ಜಿದಂತೆ ತರಿತರಿಯಾಗಿತ್ತು.

"ನನ್ನ ಮಗಳದು. ತೀರಿಹೋಗಿ ಎರಡು ವರ್ಷ ಆಯ್ತು. ಮನೇಲಿದ್ರೆ ದಿನಾ ತೆಗೆದು ನೋಡ್ತಾ ಕೂರ್ತೀನಿ ಅಂತ ಅವಳ ಡಿಸ್ಕೆಲ್ಲ ಅವನ ಕೈಗೆ ಕೊಟ್ಟಿದ್ದೆ. ನಿನ್ನೆ ಮನಸ್ಸು ತಡೀಲಿಲ್ಲ, ಹೋದೆ. ಅವನು ಖುಷಿಯಿಂದ ಎಳೆದು ತೋರಿಸ್ದ. ಹೊಸ ಡಬ್ಬಿ ಹಾಕಿದೀನಿ ನೋಡೋ, ಹಳೇದನ್ನ ಇಲಿ ಕಡಿದಿತ್ತು, ಗುಜರಿ ಚೀಲಕ್ಕೆ ಹಾಕ್ದೆ ಅಂದ."

"ಇಲಿ ಅಲ್ವಾ?"

"ಹಲ್ಲು ಬರೋವಾಗ ಅವಳು ಕೈಗೆ ಸಿಕ್ಕಿದ್ದೆಲ್ಲ ಕಡಿಯೋಳು. ಹಠ ಮಾಡಿದ್ರೆ ಇದನ್ನ ಕೊಟ್ಟು ಕೂರಿಸ್ತಿದ್ದೆ. ಸಿನಿಮಾ ಎಲ್ಲಾದ್ರೂ ಸಿಗುತ್ತೆ ಮೇಡಂ. ಇದು ಎಲ್ಲಿ ಸಿಗುತ್ತೆ?" ಅವರು ಆ ಮೂಲೆಯ ಮೇಲೆ ಬೆರಳಾಡಿಸಿದರು. "ಅವಳ ಹಾಲುಹಲ್ಲು ಕಿತ್ತೋನೇ ಅವನು. ಊರಿನ ಬಾಯೆಲ್ಲಾ ನೋಡ್ದೋನು. ಅವನಿಗೂ ಇಲಿ ಅನ್ನಿಸ್ತಲ್ಲ ಅಂತ ಎದೆ ಉರಿದುಹೋಯ್ತು. ತಳ್ಳಿದೆ. ಅಷ್ಟೇ, ಒಂದೇ ಸಲ."

"ಬಡಗಿ ಲಾಕಪ್ಪಲ್ಲಿರೋದು ಗೊತ್ತಿತ್ತಾ?"

"ಗೊತ್ತಿತ್ತು."

"ಅವನ ಹೆಂಡ್ತಿ ಬಸುರಿ."

ಅವರು ತಾವೇ ಎದ್ದು ದೀಪ ಆರಿಸಿ, ಅಂಗಡಿಯ ಬೀಗದ ಕೈಯನ್ನು ದಫೇದಾರರಿಗೆ ಕೊಟ್ಟರು. ಐದೂಹತ್ತಕ್ಕೆ ದಸ್ತಗಿರಿಯಾಯಿತು. ಆರರ ಹೊತ್ತಿಗೆ ಠಾಣೆಯ ಬಾಗಿಲಲ್ಲಿ ಮುದುಕ ಮಾವ ಅಳಿಯನ ತಲೆಗೊಂದು ಮೊಟಕಿ, "ಇನ್ನೊಂದ್ಸಲ ಓಡು ನೋಡೋಣ," ಎಂದು ಬೈಯುತ್ತಲೇ ಅವನ ಭುಜ ಹಿಡಿದುಕೊಂಡು ಕರೆದೊಯ್ದರು. ಆಸ್ಪತ್ರೆಯಿಂದ ಸುದ್ದಿ ಬಂತು: ಡಾಕ್ಟರು ಕಣ್ಣು ಬಿಟ್ಟಿದ್ದಾರೆ, ಯಾರು ತಳ್ಳಿದರೆಂದು ಕೇಳಿದರೆ ಬಾಯಿ ಬಿಡುತ್ತಿಲ್ಲ, ಗೆಳೆಯ ಎಲ್ಲಿ ಎಂದಷ್ಟೇ ಕೇಳುತ್ತಿದ್ದಾರೆ.

ದಫೇದಾರರು ಜಪ್ತಿ ಪಂಚನಾಮೆ ಬರೆಯುತ್ತ ಗಟ್ಟಿಯಾಗಿ ಓದಿದರು. "ಹಳೆಯ ಪ್ಲಾಸ್ಟಿಕ್ ಡಬ್ಬಿ ಒಂದು, ಖಾಲಿ. ಮೂಲೆ ಹಾಳಾಗಿದೆ."

"ಹಾಳಾಗಿದೆ ಅನ್ನೋದನ್ನ ಹೊಡೆದುಹಾಕಿ," ಅಂದರು ಇನ್‌ಸ್ಪೆಕ್ಟರ್.

"ಏನಂತ ಬರೀಲಿ ಮೇಡಂ?"

"ಮೂಲೆಯಲ್ಲಿ ಮಗುವಿನ ಹಲ್ಲಿನ ಗುರುತು ಇದೆ ಅಂತ ಬರೀರಿ."