ಸುಳ್ಳು ಹೇಳುವ ಸ್ಕೇಲು

"ಅಜ್ಜೀ, ನಮ್ಮಪ್ಪ ನನ್ನ ಮದುವೆ ಮುರೀತಿದಾರೆ! ಒಂದು ಪಂಪಿಗೋಸ್ಕರ!"

ಪಕ್ಕದ ಮನೆಯ ಹುಡುಗಿ ನಮ್ಮ ಬಾಗಿಲಲ್ಲಿ ನಿಂತು ಹೀಗೆ ಕೂಗಿದಾಗ ನನ್ನ ಅತ್ತೆ ಬೆಳಗಿನ ಪತ್ರಿಕೆ ಓದುತ್ತಿದ್ದರು. ಓದುತ್ತಿದ್ದರು ಎನ್ನುವುದು ನನ್ನ ಔದಾರ್ಯ. ಕೆಂಪು ಪೆನ್ನು ಹಿಡಿದು ಅದರ ಕಾಗುಣಿತ ತಿದ್ದುತ್ತಿದ್ದರು. ಅತ್ತೆ ಜೀವಮಾನವಿಡೀ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಆಗ ಬೇರೆಯವರ ತಪ್ಪು ಹುಡುಕುವುದಕ್ಕೆ ಸಂಬಳ ಬರುತ್ತಿತ್ತು. ನಮ್ಮ ಮನೆಗೆ ಬಂದು ನೆಲೆಸಿದ ಮೇಲೆ ಅದನ್ನೇ ಪುಕ್ಕಟೆ ಮಾಡುತ್ತಿದ್ದರು. ನಮ್ಮ ಬೀದಿಯ ಹಲವು ಕಳ್ಳತನಗಳು ಪತ್ತೆಯಾದದ್ದೂ, ಅಳಿಯನಾದ ನನ್ನ ಬಂಡವಾಳ ಬಯಲಾದದ್ದೂ ಹೀಗೆಯೇ. ನಾನು ಕನ್ನಡಕದ ಅಂಗಡಿ ಇಟ್ಟವನು. ಬೇರೆಯವರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡುವ ನನಗೆ ಎದುರಿಗಿದ್ದದ್ದೇ ಕಾಣುವುದಿಲ್ಲ ಎಂಬುದು ಅತ್ತೆಯ ಅಭಿಪ್ರಾಯ. ಆದರೂ ಎಲ್ಲಿಗೆ ಹೊರಟರೂ ನನ್ನನ್ನೇ ಕರೆಯುತ್ತಿದ್ದರು, ನಾನೂ ಬಾಲದಂತೆ ಹಿಂದೆ ಹೋಗುತ್ತಿದ್ದೆ.

"ಮೊದಲು ಕೂತ್ಕೋ. ಮೂಗು ಒರೆಸ್ಕೋ. ಆಮೇಲೆ ಮೊದಲಿಂದ ಹೇಳು," ಎಂದರು ಅತ್ತೆ.

ಹುಡುಗಿಯ ತಂದೆ ನಿವೃತ್ತ ಹಲ್ಲಿನ ಡಾಕ್ಟರು. ಅವರಲ್ಲಿ ಅವರಪ್ಪನ ಕಾಲದ ಕಾರೊಂದಿತ್ತು. ಅದನ್ನು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು, ಬಿಡಿಭಾಗಗಳು ಎಲ್ಲೂ ಸಿಗುತ್ತಿರಲಿಲ್ಲ. ಎಂಜಿನ್ನಿಗೆ ನೀರು ಹಾಯಿಸುವ ಪಂಪಿನ ಕವಚ ಸೀಳಿದಾಗ ಡಾಕ್ಟರು, "ಇಷ್ಟು ಜನರ ಬಾಯಿಗೆ ಹಲ್ಲು ಕೂರಿಸಿದೀನಿ, ಒಂದು ಎಂಜಿನ್ನಿಗೆ ಕೂರಿಸಕ್ಕಾಗಲ್ವಾ?" ಎಂದು ಹಿತ್ತಲ ಶೆಡ್ಡಿನಲ್ಲಿ ಒಲೆ ಹೂಡಿದ್ದರು. ಪಂಪಿನ ಮಾದರಿಯನ್ನು ಮರದಲ್ಲಿ ಕೆತ್ತಬೇಕು. ಅದರ ಸುತ್ತ ಜೇಡಿ ಬೆರೆಸಿದ ಮರಳನ್ನು ಬಡಿದು ಕೂರಿಸಬೇಕು. ಮಾದರಿಯನ್ನು ಮೆಲ್ಲಗೆ ಎತ್ತಿ, ಉಳಿದ ಪೊಳ್ಳಿಗೆ ಕರಗಿದ ಅಲ್ಯೂಮಿನಿಯಂ ಹೊಯ್ಯಬೇಕು. ಹೇಳುವುದು ಸುಲಭ. ಡಾಕ್ಟರ ಎರಕಗಳು ಒಂದೊಂದೂ ಒಂದೊಂದು ಬಗೆಯಲ್ಲಿ ಕೆಟ್ಟವು. ಕಡೆಗೂ ಹಿಂದಿನ ಭಾನುವಾರ ಬೆಳಿಗ್ಗೆ ಒಂದು ಕವಚ ಫಳಫಳ ಹೊಳೆಯುತ್ತ ಹೊರಬಂತು. ಸಂಜೆಗೆ ಅದು ಮಾಯ. ಆ ಸಂಜೆ ಮನೆಗೆ ಬಂದಿದ್ದವನೆಂದರೆ ಹುಡುಗಿಯನ್ನು ಮದುವೆಯಾಗಬೇಕಿದ್ದ, ಪಂಪಿನ ಕಾರ್ಖಾನೆಯ ಎಂಜಿನಿಯರು ಹುಡುಗ ಒಬ್ಬನೇ.

"ಹೋಗುವಾಗ ಅವನ ಕೈಯಲ್ಲೊಂದು ಚೀಲ ಇತ್ತಂತೆ, ಠಣ್ ಠಣ್ ಅಂತಿತ್ತಂತೆ. ನಮ್ಮ ಸೋದರಮಾವ ನೋಡಿದಾರೆ. ಚೀಲದಲ್ಲಿ ಏನಿತ್ತು ಅಂತ ಕೇಳಿದ್ರೆ ಬಾಯೇ ಬಿಡಲ್ಲ ಅವನು. ನಿಮ್ಮ ಪಂಪು ನಾನು ತಗೊಂಡಿಲ್ಲ ಅನ್ನೋದೊಂದೇ. ನನಗೂ ಹೇಳ್ತಿಲ್ಲ ಅಜ್ಜೀ! ನಾಳೆ ಅಪ್ಪ ಅವರ ಮನೆಗೆ ಹೋಗಿ ಸಂಬಂಧ ಬೇಡ ಅಂತ ಹೇಳಿ ಬರ್ತಾರಂತೆ."

ಅತ್ತೆ ಪೆನ್ನಿನ ಮುಚ್ಚಳ ಹಾಕಿದರು. "ಅಳಿಯಂದ್ರೇ, ಚಪ್ಪಲಿ ಹಾಕ್ಕೊಳ್ಳಿ."

ಡಾಕ್ಟರು ಶೆಡ್ಡಿನಲ್ಲಿ ಮರಳು ಜರಡಿ ಹಿಡಿಯುತ್ತಿದ್ದರು. ಮುಖದ ತುಂಬ ಮಸಿ, ಮಸಿಯ ನಡುವೆ ಸಿಟ್ಟು.

"ಇಲ್ಲೇ ಇಟ್ಟಿದ್ದೆ ಅಮ್ಮಾ, ಈ ಹಲಗೆ ಮೇಲೆ. ಹಾಲು ಕುಡಿಯೋ ಮಗು ಥರ ಮಲಗಿತ್ತು."

ಹಲಗೆಯ ಮೇಲ್ಗಡೆ ಮೊಳೆಯೊಂದರಲ್ಲಿ ಉದ್ದನೆಯ ಉಕ್ಕಿನ ಸ್ಕೇಲು ತೂಗುತ್ತಿತ್ತು. ಅತ್ತೆ ಅದನ್ನು ಕೈಗೆತ್ತಿಕೊಂಡು ಹಲಗೆ ಅಳೆಯಲು ಹೋದರು.

"ಅದರಲ್ಲಿ ಅಳೀಬೇಡಿ, ಅದು ಸುಳ್ಳು ಹೇಳುತ್ತೆ," ಎಂದರು ಡಾಕ್ಟರು. "ಎರಕ ಹೊಯ್ಯೋರ ಸ್ಕೇಲು ಅದು. ಲೋಹ ಆರಿದಾಗ ಕುಗ್ಗುತ್ತಲ್ಲ, ಅದಕ್ಕೇ ಮರದ ಮಾದರೀನ ಸ್ವಲ್ಪ ದೊಡ್ಡದಾಗಿ ಕೆತ್ತಬೇಕು. ಪ್ರತಿ ಸಲ ಲೆಕ್ಕ ಹಾಕ್ತಾ ಕೂರೋದು ಬೇಡ ಅಂತ ಇದರ ಗೆರೆಗಳನ್ನೇ ಒಂಚೂರು ದೂರ ದೂರ ಹಾಕಿರ್ತಾರೆ. ಇದರ ಒಂದು ಅಡಿ ಅಂದ್ರೆ ನಿಜವಾದ ಅಡಿಗಿಂತ ಒಂದು ಗೋಧಿ ಕಾಳಿನ ದಪ್ಪದಷ್ಟು ಜಾಸ್ತಿ."

"ಬೇಕೂಂತಲೇ ತಪ್ಪು ಅಚ್ಚು ಹಾಕ್ತಾರಾ?" ಅತ್ತೆ ಆ ಸ್ಕೇಲನ್ನು ಸತ್ತ ಹಾವಿನಂತೆ ದೂರ ಹಿಡಿದು ಮೊಳೆಗೆ ನೇತುಹಾಕಿದರು.

ಗೋಡೆಯ ಬುಡದಲ್ಲಿ ಡಾಕ್ಟರ ಕೆಟ್ಟ ಎರಕಗಳು ಸಾಲಾಗಿ ಕುಳಿತಿದ್ದವು. ಅವನ್ನು ಅವರು ಕರಗಿಸುತ್ತಲೂ ಇರಲಿಲ್ಲ, ಎಸೆಯುತ್ತಲೂ ಇರಲಿಲ್ಲ. ಅವೇ ತಮಗೆ ಪಾಠ ಹೇಳಿದ ಗುರುಗಳು ಎನ್ನುತ್ತಿದ್ದರು. ಸಾಲಿನ ಕೊನೆಯಲ್ಲಿ ಧೂಳಿನ ಮೇಲೆ ಮೂರು ನಾಲ್ಕು ದುಂಡು ಗುರುತುಗಳಿದ್ದವು, ಎರಕಗಳಿರಲಿಲ್ಲ. ಅದು ನನ್ನ ಕಣ್ಣಿಗೂ ಬಿತ್ತು. ಬಿದ್ದು ಅಲ್ಲೇ ಉಳಿಯಿತು, ತಲೆಗೆ ಹೋಗಲಿಲ್ಲ.

"ಕಳುವಾದ ಮೇಲೆ ಮತ್ತೆ ಹೊಯ್ದಿರಾ?"

"ಸೋಮವಾರವೇ ಹೊಯ್ದೆ. ಹಳೇ ಪಿಸ್ಟನ್ನು ಹಾಕಿ, ಈ ಗುಜರಿ ಬಕೆಟ್ಟನ್ನ ಹಾಗೇ ಕರಗಿಸೋ ಮೂಸೆಗೆ ಸುರಿದೆ. ಕುತ್ತಿಗೆ ಹತ್ತಿರ ತೂತು ಬಿತ್ತು. ಆದ್ರೆ ನೋಡಿ, ಯಾವಾಗಲೂ ಲೋಹ ಸಾಲದೆ ಒದ್ದಾಡ್ತಿದ್ದೆ, ಈ ಸಲ ಮಿಕ್ಕಿತು! ನಮ್ಮೋಳ ಕೇಕ್ ತಟ್ಟೆಗೆ ಹೊಯ್ದು ಗಟ್ಟಿ ಮಾಡಿಟ್ಟಿದೀನಿ. ಅಷ್ಟಾದ್ರೂ ಅದೃಷ್ಟ ಇದೆ ನನಗೆ."

"ಒಲೆ ಹತ್ತಿರ ಮುಖಕ್ಕೆ ಏನಾದ್ರೂ ಹಾಕ್ಕೊಳ್ತೀರಾ?"

"ಈ ಪರದೆ ಹಾಕ್ಕೊಳ್ತೀನಿ. ಒಳಗೆ ಕನ್ನಡಕ ಮಂಜಾಗುತ್ತೆ ಅಂತ ಅದನ್ನ ತೆಗೆದಿಡ್ತೀನಿ."

ಅತ್ತೆ ನನ್ನತ್ತ ನೋಡಿದರು. ಡಾಕ್ಟರ ಕನ್ನಡಕ ನನ್ನ ಅಂಗಡಿಯದೇ, ಅದರ ದಪ್ಪ ನನಗೆ ಗೊತ್ತು. ನಾನು ವ್ಯಾಪಾರದ ಹೆಮ್ಮೆಯಿಂದ ಮುಗುಳ್ನಕ್ಕೆ. ಅತ್ತೆ ನಿಟ್ಟುಸಿರು ಬಿಟ್ಟರು.

ಮನೆಯೊಳಗೆ ಕಾಲಿಟ್ಟರೆ ಇನ್ನೊಂದು ರಂಪ. ಡಾಕ್ಟರ ಹೆಂಡತಿಯ ಅಣ್ಣ, ನಿವೃತ್ತ ಹೆಡ್ಮಾಸ್ತರು, ಅದೇ ಮನೆಯಲ್ಲಿರುವವರು, ಫೋನಿನಲ್ಲಿ ಗಾಜಿನ ಅಂಗಡಿಯವನ ನೀರಿಳಿಸುತ್ತಿದ್ದರು. ಅವರ ಪುಸ್ತಕದ ಬೀರುವಿಗೆ ಹೊಸ ಗಾಜು ಬಂದು ಗೋಡೆಗೊರಗಿತ್ತು, ಬಾಗಿಲಿನ ಚೌಕಟ್ಟಿಗೆ ಸಾಲದೆ ಅದರಲ್ಲಿ ನಿಲ್ಲುತ್ತಿರಲಿಲ್ಲ.

"ಅಳತೆ ನಂದು ತಪ್ಪಾ? ಭಾನುವಾರ ನಾನೇ ಖುದ್ದು ಅಳೆದಿದೀನಿ ಕಣಯ್ಯಾ! ಉಕ್ಕಿನ ಸ್ಕೇಲಿನಲ್ಲಿ ಅಳೆದಿದೀನಿ, ಹೊಲಿಗೆ ಟೇಪಿನಲ್ಲಲ್ಲ!" ಫೋನು ಕುಕ್ಕಿ ನಮ್ಮ ಕಡೆ ತಿರುಗಿದರು. "ನನ್ನ ಸರ್ವಿಸಿನಲ್ಲಿ ಮಕ್ಕಳ ಪುಸ್ತಕದ ಅಂಚು ಕೂಡ ಅಳೆದು ನೋಡಿದೋನು ನಾನು."

"ನೀವು ಆ ಹುಡುಗನ ಚೀಲ ನೋಡಿದಿರಂತೆ?" ಅತ್ತೆ ಕೇಳಿದರು.

"ನೋಡಿದೆ. ಕೇಳಿದ್ದಕ್ಕೆ ಹೇಳಿದೆ, ಅಷ್ಟೇ. ಆ ಶೆಡ್ಡಿನ ವಿಷಯ ನನಗೆ ಬೇಡ. ವರ್ಷದಿಂದ ಅಲ್ಲಿ ಕಾಲಿಟ್ಟಿಲ್ಲ. ಹೊಗೆ ಬೇಡ ಅಂದಿದ್ದಕ್ಕೆ ಭಾವ ನನ್ನ ಮೇಲೆ ಹರಿಹಾಯ್ದ ದಿನವೇ ಶಪಥ ಮಾಡಿದೀನಿ."

ಡಾಕ್ಟರ ಹೆಂಡತಿ ಕಾಫಿ ತಂದರು. ಚೀಲದ ಮಾತು ಕಿವಿಗೆ ಬಿದ್ದಿತ್ತೇನೋ, ಯಾರ ಮುಖವನ್ನೂ ನೋಡದೆ ತಟ್ಟೆ ಇಟ್ಟು ಒಳಗೆ ಹೊರಟರು. ಕಳ್ಳಿ ಸಿಕ್ಕಿದಳು ಎಂದುಕೊಂಡೆ. ಅತ್ತೆ ಮಾತ್ರ ಅವರನ್ನು, "ಅಳೆಯೋಕೆ ಏನಾದ್ರೂ ಇದೆಯೇನಮ್ಮಾ ಮನೇಲಿ?" ಎಂದು ಕೇಳಿದರು.

"ನನ್ನ ಹೊಲಿಗೆ ಟೇಪೊಂದು ಬಿಟ್ರೆ ಇನ್ನೇನಿಲ್ಲ."

ಆ ಟೇಪು ಹಿಡಿದು ಅತ್ತೆ ಗಾಜನ್ನೂ ಬೀರುವನ್ನೂ ಅಳೆದರು. ಇನ್ನೊಂದು ತುದಿ ಹಿಡಿದವನು ನಾನು. ಅಳೆದು ಮುಗಿಸಿ, "ಹುಡುಗನಿಗೆ ಫೋನ್ ಮಾಡು. ಚೀಲದ ಸಮೇತ ಈಗಲೇ ಬರಲಿ," ಎಂದು ಹುಡುಗಿಗೆ ಹೇಳಿದರು.

ಸಂಜೆ ಎಲ್ಲರೂ ಡಾಕ್ಟರ ನಡುಮನೆಯಲ್ಲಿ ಸೇರಿದೆವು. ಹುಡುಗ ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ, ಕಾಲ ಬಳಿ ಚೀಲ ಇಟ್ಟುಕೊಂಡು, ಹಲ್ಲು ಕೀಳಿಸಿಕೊಳ್ಳಲು ಬಂದವನಂತೆ ಕುಳಿತಿದ್ದ. ಹುಡುಗಿ ಅವನ ಕಡೆ ನೋಡಲೇ ಇಲ್ಲ.

"ಮೊದಲು ಚೀಲ," ಎಂದರು ಅತ್ತೆ. "ಶೆಡ್ಡಿನಲ್ಲಿ ಕೆಟ್ಟ ಎರಕಗಳ ಸಾಲಿದೆ. ಕೊನೇಲಿ ಧೂಳಿನ ಮೇಲೆ ಗುರುತಿದೆ, ಎರಕ ಇಲ್ಲ. ಕದಿಯೋನು ಒಳ್ಳೇದನ್ನ ಕದೀತಾನೆ. ಕೆಟ್ಟದ್ದನ್ನ ಹೊತ್ತು ಹಾಕೋದು ಯಾರು? ಮನೆ ಗುಡಿಸೋರು." ಡಾಕ್ಟರ ಹೆಂಡತಿಯತ್ತ ತಿರುಗಿದರು. "ನೀವೇ ಹೇಳ್ತೀರೋ, ನಾನು ಹೇಳ್ಲೋ?"

"ನಾನೇ ಕೊಟ್ಟಿದ್ದು!" ಆಕೆ ಒಮ್ಮೆಗೇ ಬಾಯಿಬಿಟ್ಟರು. "ಶೆಡ್ಡು ತುಂಬಿ ನನ್ನ ಅಡುಗೆಮನೆಗೂ ಬರ್ತಿದ್ವು ಆ ಕೆಟ್ಟ ಪಂಪುಗಳು! ಅಕ್ಕಿ ಡಬ್ಬದ ಹಿಂದೆ ಎರಡು, ಹಾಸಿಗೆ ಕೆಳಗೊಂದು! ಎಲ್ಲಾದ್ರೂ ಎಸೆದುಬಿಡಪ್ಪಾ, ಯಾರಿಗೂ ಹೇಳಲ್ಲ ಅಂತ ಮಾತು ಕೊಡು ಅಂದೆ. ಪಾಪ, ಕೊಟ್ಟ."

"ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ಯಾ?" ಡಾಕ್ಟರು ಗುಡುಗಿದರು.

"ಎರಡು ದಿನದಲ್ಲಿ ತಣ್ಣಗಾಗ್ತೀರಿ ಅಂದ್ಕೊಂಡೆ. ಅಲ್ಯೂಮಿನಿಯಮ್ಮಾದ್ರೂ ತಣ್ಣಗಾಗುತ್ತೆ, ನೀವಾಗಲ್ಲ. ಇವತ್ತು ರಾತ್ರಿ ಹೇಳೋಣ ಅಂತಿದ್ದೆ."

"ಹಾಗಾದ್ರೆ ನನ್ನ ಒಳ್ಳೇ ಪಂಪು ಎಲ್ಲಿ?"

ಅತ್ತೆ ಗೋಡೆಗೊರಗಿದ ಗಾಜನ್ನು ಬೆರಳಿನಿಂದ ತಟ್ಟಿದರು. "ಈ ಗಾಜು ಹೇಳುತ್ತೆ. ಬೀರುವಿನ ಬಾಗಿಲು ಮೂರಡಿ ಉದ್ದ, ಒಂದೂವರೆ ಅಡಿ ಅಗಲ. ಗಾಜು ಉದ್ದದಲ್ಲಿ ಹತ್ತಿರಹತ್ತಿರ ಅರ್ಧ ಇಂಚು ಕಮ್ಮಿ, ಅಗಲದಲ್ಲಿ ಅದರ ಅರ್ಧ. ಅಂಗಡಿಯವನ ಕೈ ತಪ್ಪಿದ್ರೆ ಹೀಗೆ ಲೆಕ್ಕ ಹಾಕಿದ ಹಾಗೆ ತಪ್ಪಲ್ಲ. ಅಚ್ಚುಕೂಟದಲ್ಲೂ ಅಷ್ಟೇ. ಅಡ್ಡಾದಿಡ್ಡಿ ತಪ್ಪಿದ್ರೆ ಅದು ಅಚ್ಚಿನ ಮೊಳೆ ಜೋಡಿಸಿದೋನದು. ಉದ್ದಕ್ಕೂ ಒಂದೇ ಥರ ತಪ್ಪಿದ್ರೆ ಅದು ಮೂಲ ಪ್ರತಿಯದು. ಇಲ್ಲಿ ಅಳತೆಯೇ ಕುಗ್ಗಿದೆ. ಗೆರೆಗಳು ದೂರ ದೂರ ಇದ್ರೆ ಓದೋ ಅಂಕಿ ಕಮ್ಮಿ ಬರುತ್ತೆ. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಕುಗ್ಗಿಸೋ ಉಕ್ಕಿನ ಸ್ಕೇಲು ಈ ಮನೇಲಿ ಒಂದೇ ಒಂದಿದೆ. ಅದು ತೂಗೋ ಮೊಳೆ ಕೆಳಗೇ ಪಂಪು ಇತ್ತು. ಅಲ್ವೇ ಮೇಷ್ಟ್ರೇ?"

ಎಲ್ಲರ ಕಣ್ಣೂ ಹೆಡ್ಮಾಸ್ತರ ಕಡೆ ಹೊರಳಿತು. ಅವರು ಎದ್ದು ನಿಂತರು. ಎಷ್ಟು ಮಕ್ಕಳನ್ನು ಹಾಗೆ ನಿಲ್ಲಿಸಿದ್ದರೋ, ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು.

"ಭಾವ ಕೇಳಿದ್ರೆ ಕೊಡ್ತಿದ್ರು. ಕೇಳೋಕೆ ಬಿಂಕ," ಎಂದರು ತಲೆ ತಗ್ಗಿಸಿ. "ಯಾರೂ ಇಲ್ಲದಾಗ ಸ್ಕೇಲು ತಂದು ಅಳೆದೆ. ವಾಪಸ್ ನೇತುಹಾಕುವಾಗ ತುದಿ ತಗುಲಿ ಪಂಪು ನೆಲಕ್ಕೆ ಬಿತ್ತು. ಕುತ್ತಿಗೆ ಹತ್ತಿರ ಎರಡು ಹೋಳು. ಗಾಬರಿಯಾಗಿ ಗುಜರಿ ಬಕೆಟ್ಟಿನ ತಳಕ್ಕೆ ತುರುಕಿದೆ. ಮಾರನೇ ದಿನ ಹೇಳೋಣ ಅಂತ ಹೋದ್ರೆ ಬಕೆಟ್ಟೇ ಖಾಲಿ. ಆಮೇಲೆ ಹುಡುಗನ ಮೇಲೆ ಬಂತು. ಸುಮ್ಮನಿದ್ದೆ. ಅದು ನನ್ನ ದೊಡ್ಡ ತಪ್ಪು."

"ಬಕೆಟ್ಟು ಖಾಲಿ ಅಂದ್ರೆ?" ಡಾಕ್ಟರ ಮುಖದ ಬಣ್ಣ ಇಳಿಯತೊಡಗಿತು.

"ನಿಮ್ಮ ಪಂಪನ್ನ ನೀವೇ ಕರಗಿಸಿದಿರಿ ಡಾಕ್ಟರೇ," ಎಂದರು ಅತ್ತೆ ಮೃದುವಾಗಿ. "ಎಂದೂ ಮಿಗದ ಲೋಹ ಅವತ್ತೇ ಯಾಕೆ ಮಿಕ್ಕಿತು? ಕನ್ನಡಕ ಇಲ್ಲದೆ ಬಕೆಟ್ಟು ಸುರಿದವರಿಗೆ ಅದರಲ್ಲೇನಿತ್ತು ಅಂತ ಹೇಗೆ ಕಾಣಬೇಕು? ಕೇಳಿ ನಮ್ಮ ಅಳಿಯಂದಿರನ್ನ."

"ಹತ್ತಿರದ್ದು ಏನೂ ಕಾಣಲ್ಲ," ಎಂದೆ. ಈ ಪ್ರಕರಣಕ್ಕೆ ನನ್ನ ಕೊಡುಗೆ ಇಷ್ಟೇ.

ಡಾಕ್ಟರು ಕುಸಿದು ಕುಳಿತರು. ಆಗ ಹುಡುಗ ಮೊದಲ ಸಲ ಬಾಯಿ ತೆರೆದ.

"ಅಂಕಲ್, ಅದು ಗಾಡಿಗೆ ಹಾಕಿದ್ರೂ ನಿಲ್ತಿರಲಿಲ್ಲ ಅನ್ಸುತ್ತೆ." ಚೀಲ ಬಿಚ್ಚಿದ. ಎಸೆಯಲೆಂದು ಕೊಟ್ಟ ಎರಕಗಳು ಅದರಲ್ಲಿದ್ದವು, ಒಂದೊಂದೂ ನಡುವೆ ನೀಟಾಗಿ ಕೊಯ್ದದ್ದು. "ಎಸೆಯೋಕೆ ಮನಸ್ಸು ಬರಲಿಲ್ಲ. ಕಾರ್ಖಾನೇಲಿ ಕೊಯ್ದು ನೋಡಿದೆ. ಇಲ್ಲಿ, ಕುತ್ತಿಗೆ ದಪ್ಪ ಇರೋ ಕಡೆ, ಕೊನೆಗೆ ಆರುತ್ತೆ. ಆರುವಾಗ ಕುಗ್ಗುತ್ತೆ, ತುಂಬೋಕೆ ಲೋಹ ಇರಲ್ಲ. ಒಳಗೆಲ್ಲ ಪೊಳ್ಳು. ಅಲ್ಲೇ ಮರಳಿನಲ್ಲಿ ಒಂದು ದಪ್ಪ ಗುಂಡಿ ಬಿಟ್ಟು ಲೋಹ ತುಂಬಿಟ್ರೆ ಅದು ಇದಕ್ಕೆ ಉಣಿಸುತ್ತೆ."

ಡಾಕ್ಟರು ಕನ್ನಡಕ ಏರಿಸಿ ಹೋಳನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಹುಳುಕು!" ಎಂದರು ಕಡೆಗೆ. "ಮೇಲೆ ಫಳಫಳ, ಒಳಗೆ ಹುಳುಕು. ಜೀವಮಾನ ಎಲ್ಲಾ ಇದನ್ನೇ ನೋಡಿದೀನಿ, ನನ್ನ ಕಣ್ಣಿಗೆ ಬೀಳಲಿಲ್ಲ. ತಪ್ಪಾಯ್ತು ಕಣಪ್ಪಾ. ಕಳ್ಳ ಅಂದುಬಿಟ್ಟೆ ನಿನ್ನ." ಎದ್ದು ಹುಡುಗನ ಹೆಗಲು ಹಿಡಿದರು. "ನಾಳೆ ಬಾ, ಇಬ್ಬರೂ ಸೇರಿ ಹೊಯ್ಯೋಣ. ಮದುವೆ ಮಾತು ಮುರಿದಿಲ್ಲ. ಇದ್ದ ಹಾಗೇ ಇದೆ."

"ಇದೆ ಅಂತ ನೀವು ಹೇಳಿದ್ರೆ ಆಯ್ತಾ?"

ಹುಡುಗಿ ಎದ್ದು ನಿಂತಿದ್ದಳು. ಅವಳ ಕಣ್ಣಿದ್ದದ್ದು ಹುಡುಗನ ಮೇಲೆ.

"ಒಂದು ಚೀಲ ಗುಜರಿಗೆ ನನ್ನ ಬಿಟ್ಟುಕೊಡೋಕೆ ಹೊರಟಿದ್ದೆಯಲ್ಲಾ? ಇಷ್ಟು ದಿನ ಅತ್ತು ಅತ್ತು ಸತ್ತೆ ನಾನು. ನನ್ನ ಕಿವೀಲಾದ್ರೂ ಒಂದು ಮಾತು ಹೇಳಬಾರದಾ?"

"ನಿಮ್ಮಮ್ಮನಿಗೆ ಮಾತು ಕೊಟ್ಟಿದ್ದೆ," ಹುಡುಗ ತೊದಲಿದ. "ಕೊಟ್ಟ ಮಾತಿಗೆ ತಪ್ಪೋದು ಹೇಗೆ..."

"ಮದುವೆ ಆಗ್ತೀನಿ ಅಂತ ನನಗೂ ಮಾತು ಕೊಟ್ಟಿದ್ದೆ. ಅದು ಮೊದಲು ಕೊಟ್ಟಿದ್ದು."

ಡಾಕ್ಟರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹುಡುಗ ಕೈಯಲ್ಲಿದ್ದ ಹೋಳನ್ನು ಎಲ್ಲಿಡಬೇಕೆಂದು ತಿಳಿಯದೆ ಹೆಡ್ಮಾಸ್ತರ ಕೈಗೆ ಕೊಟ್ಟ. ಅವರು ಅದನ್ನು ಭಯಭಕ್ತಿಯಿಂದ, ಎರಡೂ ಕೈಯಲ್ಲಿ ಹಿಡಿದುಕೊಂಡರು.

"ತಪ್ಪಾಯ್ತು," ಎಂದ ಹುಡುಗ.

"ಇನ್ನೊಂದು ಸಲ ಕೊಡು ಆ ಮಾತನ್ನ. ಈಗ, ಎಲ್ಲರೆದುರಿಗೆ."

ಹುಡುಗ ಎದ್ದು ನಿಂತು, ಕಿವಿಯವರೆಗೂ ಕೆಂಪಾಗಿ, ಕೊಟ್ಟ.